ಹೆಸ್ಟರ್ ಅಜ್ಜಿಯ ಬಣ್ಣವಿಲ್ಲದ ಮುಖ

ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿರುವ ಹೆಸ್ಟರ್ ಕ್ವಿಂಬಿ ಒಂದು ಕಾಲದ ಹಾಲಿವುಡ್ ನಟಿ. ಹೀಗೆಂದ ಕೂಡಲೇ ಜನ ಕಣ್ಣರಳಿಸಿ, ಯಾವ ಸಿನಿಮಾ, ಯಾರ ಜೊತೆ ಎಂದು ಕೇಳುತ್ತಾರೆ. ಹೇಳಿದರೆ ಅರಳಿದ ಕಣ್ಣು ಅಲ್ಲೇ ಮುದುಡುತ್ತದೆ. ಅವಳು ನಾಯಕಿಯಲ್ಲ. ನಾಯಕಿಯ ಸೋದರತ್ತೆ, ನಾಯಕನಿಗೆ ಬಾಡಿಗೆ ಕೇಳುವ ಮನೆಯೊಡತಿ, ಪಕ್ಕದ ಮನೆಯ ಚಾಡಿಕೋರಿ, ಹೆರಿಗೆ ವಾರ್ಡಿನ ಸಿಡುಕು ನರ್ಸು. ಪರದೆಯ ಮೇಲೆ ಎಷ್ಟೋ ಸಲ ಅವಳ ಪಾತ್ರಕ್ಕೆ ಹೆಸರೂ ಇರುತ್ತಿರಲಿಲ್ಲವಂತೆ, 'ಬಸ್ಸಿನಲ್ಲಿ ಬೈಯುವ ಹೆಂಗಸು' ಅಂತಷ್ಟೇ. ನಮ್ಮಲ್ಲಿ ಇಂಥವರನ್ನು ಪೋಷಕ ನಟಿ ಎನ್ನುತ್ತೇವೆ. ಪೋಷಿಸುವವರು ಇವರು, ಕೊಬ್ಬುವವರು ಬೇರೆಯವರು.

ನಮ್ಮಿಬ್ಬರ ಪರಿಚಯವಾದದ್ದು ಕೆರ್‌ವೊಖೆಯಿಂದ. ಈ ಸೀಮೆಯಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ವಾರಕ್ಕೊಂದು ಮನೆಯ ಸರದಿ. ಬಾಗಿಲಿಗೆ ಸರದಿಯ ಹಲಗೆ ತೂಗಿತೆಂದರೆ ಮುಗಿಯಿತು, ಮೈಯಲ್ಲಿ ಜ್ವರವಿದ್ದರೂ ಗುಡಿಸಬೇಕು. ತೊಂಬತ್ತು ದಾಟಿದ ಮುದುಕಿಯ ಬಾಗಿಲಿಗೂ ಯಾರೋ ಪುಣ್ಯಾತ್ಮರು ಆ ಹಲಗೆ ತೂಗಿಹಾಕಿದ್ದರು. ಅವಳು ಒಂದು ಕೈಯಲ್ಲಿ ಮೆಟ್ಟಿಲಿನ ಕಟಾಂಜನ, ಇನ್ನೊಂದರಲ್ಲಿ ಪೊರಕೆ ಹಿಡಿದು ನಿಂತಿದ್ದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಪೊರಕೆ ಕಿತ್ತುಕೊಂಡೆ. ಅವತ್ತಿನಿಂದ ಅವಳ ಸರದಿಯೂ ನನ್ನದೇ.

"ನಿಂಗ್ಯಾಕೇ ಊರ ಉಸಾಬರಿ? ನಮ್ ಕೆರ್‌ವೊಖೆನೇ ನೆಟ್ಟಗೆ ಮಾಡಲ್ಲ ನೀನು," ಎಂದ ನನ್ನ ಗಂಡ ಅಶ್ವಿನ್.

"ನಿಮ್ಮಜ್ಜಿ ಆಗಿದ್ರೆ ಹಿಂಗೇ ಅಂತಿದ್ರಾ?" ಎಂದೆ. ಅವನು ಲ್ಯಾಪ್‌ಟಾಪಿನೊಳಗೆ ತಲೆ ತೂರಿಸಿದ.

ನಾನು ಅವಳನ್ನು ಅಜ್ಜಿ ಎಂದೇ ಕರೆದೆ. ಅವಳಿಗೆ ಕೀರ್ತಿ ಎನ್ನುವುದು ನಾಲಿಗೆಗೆ ಸಿಗದೆ ನನ್ನನ್ನು ಕಿಟ್ಟಿ ಮಾಡಿದಳು. ಮೈಸೂರಲ್ಲಿ ಕಿಟ್ಟಿ ಅಂದರೆ ಗಂಡು ಹುಡುಗ ಎಂದು ಹೇಳಿದ್ದಕ್ಕೆ ಬಾಯಿ ತುಂಬ ನಕ್ಕಳು. ಕೆಲಸವಿಲ್ಲದ ದಿನ ಅವಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಇಂಗ್ಲಿಷಿನಲ್ಲಿ ಹರಟುವುದು ರೂಢಿಯಾಯಿತು. ಕಥೆಗಳೆಲ್ಲ ಹೊರಬಿದ್ದದ್ದು ಅಲ್ಲೇ.

ಇಪ್ಪತ್ತರ ಹುಡುಗಿಯಾಗಿ ಸ್ಟುಡಿಯೋ ಬಾಗಿಲಿಗೆ ಹೋದಾಗ ಏಜೆಂಟೊಬ್ಬ ಅವಳ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿ, "ದೇವರು ನಿನಗೆ ಅತ್ತೆಯ ಮುಖ ಕೊಟ್ಟಿದ್ದಾನೆ. ಅದರಲ್ಲೇ ಹೊಟ್ಟೆ ಹೊರೆದುಕೋ," ಎಂದಿದ್ದನಂತೆ. ಹಾಗೇ ಆಯಿತು. ತಲೆಗೆ ಬಿಳಿ ಪುಡಿ, ಕೆನ್ನೆಗೆ ಬಣ್ಣದ ಸುಕ್ಕು, ಸೊಂಟಕ್ಕೆ ಹತ್ತಿಯ ದಿಂಬು. ತನಗಿಂತ ಹಿರಿಯ ನಾಯಕಿಯರಿಗೆ ತಾಯಿಯಾದಳು. ಕೊನೆಗೆ ವಯಸ್ಸು ನಿಜವಾಗಿ ಬಂದು, ಬಣ್ಣ ಬಳಿಯದೆಯೇ ಅಜ್ಜಿಯ ಪಾತ್ರ ಮಾಡಬಹುದು ಅನ್ನುವಾಗ, ಆ ಪಾತ್ರಗಳನ್ನೆಲ್ಲ ಹಳೆಯ ನಾಯಕಿಯರು ಬಂದು ಎತ್ತಿಕೊಂಡರು. ಮುದುಕಿಯೂ ಒಂದು ಕಾಲಕ್ಕೆ ಸುಂದರಿಯಾಗಿದ್ದವಳೇ ಬೇಕು ಅಂತ ಜನಕ್ಕೆ ಆಸೆಯಂತೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಅವಳು ಇದನ್ನೆಲ್ಲ ನಗುನಗುತ್ತ ಹೇಳುತ್ತಿದ್ದಳು, ಹಲ್ಲು ಕಡಿಯುತ್ತಿದ್ದವಳು ನಾನು.

ನಗದೆ ಹೇಳುತ್ತಿದ್ದುದು ಮಗನ ವಿಷಯ ಒಂದನ್ನೇ. ಗಂಡ ಬಿಟ್ಟುಹೋದ ಮೇಲೆ ಮಗುವನ್ನು ಒಹಾಯೊದಲ್ಲಿದ್ದ ಅಕ್ಕನ ಮಡಿಲಿಗೆ ಹಾಕಿ ಶೂಟಿಂಗಿಗೆ ಹೋದಳು. ಒಂದು ವರ್ಷ ಅಂತ ಹೋದದ್ದು ಮಗನಿಗೆ ಮೀಸೆ ಬರುವವರೆಗೂ ಮುಗಿಯಲಿಲ್ಲ. ಅವನು ದೊಡ್ಡಮ್ಮನನ್ನೇ 'ಮಾಮ್' ಎಂದು ಕರೆದ. ಹೆತ್ತವಳು 'ಹೆಸ್ಟರ್' ಆಗಿ ಉಳಿದಳು. ಮುಂದೆ ಅವನು ಅಮೆರಿಕದ ಸೈನ್ಯ ಸೇರಿ, ಇಲ್ಲಿನ ಬ್ಯಾರಕ್ಕಿಗೆ ಬಂದು, ರೆನಾಟೆ ಎಂಬ ಜರ್ಮನ್ ಹೆಂಗಸನ್ನು ಮದುವೆಯಾಗಿ ಇಲ್ಲೇ ನಿಂತ. ತಾಯಿ ಕ್ಯಾಲಿಫೋರ್ನಿಯಾದಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಕರೆತಂದ, ಆದರೆ ತನ್ನ ಮನೆಗಲ್ಲ, ಈ ಫ್ಲಾಟಿಗೆ.

ಅವನ ಹೆಸರು ಡಗ್. ಅವನಿಗೂ ಎಪ್ಪತ್ತು ದಾಟಿದೆ. ಶನಿವಾರ ಸಾಮಾನು ತಂದು ಫ್ರಿಜ್ಜಿಗೆ ಜೋಡಿಸಿ, ಹೀಟರ್ ಮುಟ್ಟಿ ನೋಡಿ, "ಸರಿ ಹೆಸ್ಟರ್," ಎಂದು ಹೊರಡುತ್ತಿದ್ದ. ಜಾಕೆಟ್ ಬಿಚ್ಚಿದ್ದನ್ನು ನಾನು ಕಾಣಲಿಲ್ಲ. ಕರ್ತವ್ಯದಲ್ಲಿ ಒಂದು ಕೂದಲಷ್ಟೂ ಕಮ್ಮಿಯಿಲ್ಲ, ಪ್ರೀತಿ ಮಾತ್ರ ಒಗ್ಗರಣೆಗೂ ಇಲ್ಲ. ಅವಳ ಒಂದು ಸಿನಿಮಾವನ್ನೂ ಅವನು ನೋಡಿರಲಿಲ್ಲ, ನೋಡುವುದಿಲ್ಲ ಎಂದು ಹಟ. "ಮುಖಕ್ಕೆ ಸುಕ್ಕು ಬಳಿದುಕೊಳ್ಳೋಕೆ ನನ್ನನ್ನ ಬಿಟ್ಟು ಹೋದವಳು," ಎಂದು ಒಮ್ಮೆ ಮೆಟ್ಟಿಲಲ್ಲಿ ನನಗೇ ಹೇಳಿದ್ದ.

ಆದರೆ ಒಂದೇ ಒಂದು ಸಿನಿಮಾದಲ್ಲಿ ಅವಳಿಗೆ ಸುಕ್ಕು ಬಳಿದಿರಲಿಲ್ಲ. ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಹೆಂಗಸು ಕೋರ್ಟಿಗೆ ಬಂದು, ಕೆಲಸ ಹೋದರೂ ಹೋಗಲಿ ಎಂದು ತನ್ನ ಯಜಮಾನನ ವಿರುದ್ಧ ಸಾಕ್ಷಿ ಹೇಳುವ ದೃಶ್ಯ. ಬಣ್ಣದವನು ಡಬ್ಬಿ ತೆರೆದಾಗ ನಿರ್ದೇಶಕ, "ಬೇಡ, ಹಾಗೇ ಬರಲಿ," ಎಂದನಂತೆ. ಮಗನನ್ನು ಬಿಟ್ಟುಹೋದ ವರ್ಷವೇ ತೆಗೆದದ್ದು.

"ಅವನಿಗೆ ನನ್ನ ಆ ಮುಖ ನೆನಪಿಲ್ಲ ಕಿಟ್ಟಿ," ಎಂದಳು ಅಜ್ಜಿ. "ನನ್ನಕ್ಕ ಸಿಟ್ಟಿನಲ್ಲಿ ಹಳೇ ಫೋಟೋ ಎಲ್ಲ ಒಲೆಗೆ ಹಾಕಿದಳು. ಉಳಿದಿದ್ದೆಲ್ಲ ಬಣ್ಣದ ಮುಖವೇ. ಒಂದು ಸಲ ಅವನು ಅದನ್ನ ನೋಡಬೇಕು. ಅವನ ತಾಯಿ ಹೀಗಿದ್ದಳು, ಈ ಕೆಲಸಕ್ಕೆ ಹೋಗಿದ್ದಳು ಅಂತ ಗೊತ್ತಾಗಬೇಕು. ಆಮೇಲೆ ಬೇಕಾದರೆ ಬೈಯಲಿ."

ಅವಳಿಗೆ ಬೇಕಿದ್ದುದು ಅಷ್ಟೇ. ಅಷ್ಟನ್ನಾದರೂ ಮಾಡಿಸದಿದ್ದರೆ ನಾನು ಕಿಟ್ಟಿಯೇ ಅಲ್ಲ ಎಂದುಕೊಂಡೆ.

ಅಶ್ವಿನ್‌ನ ಕಾಲೇಜು ಗೆಳೆಯ ಯೂನುಸ್ ಹುಬ್ಬಳ್ಳಿಯವನು. ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನಲ್ಲಿ ಹಳೆಯ ಸಿನಿಮಾಗಳನ್ನು ಡಿಜಿಟಲ್ ಮಾಡುವ ಕಂಪನಿಯಲ್ಲಿದ್ದಾನೆ. ಆ ಸಿನಿಮಾಕ್ಕಾಗಿ ಅವನ ತಲೆ ತಿಂದೆ. ಒಂದು ದಿನ ಫೋನ್ ಬಂತು.

"ಸಿಕ್ತ್ರಿ ವೈನಿ! ಜರ್ಮನ್ ಡಬ್ಬಿಂಗ್ ಪ್ರಿಂಟ್ ಐತಿ. ನಿಮ್ಮ ಅಜ್ಜಿ ಜರ್ಮನ್‌ನ್ಯಾಗ ಮಾತಾಡೂದ ಕೇಳ್ರಿ ಇನ್ನ. ಪರ್ಮಿಷನ್ನೂ ತಗೊಂಡೇನಿ."

ನಮ್ಮ ಬೀದಿಯ ಚರ್ಚಿನ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಹಿರಿಯರಿಗಾಗಿ ಕಾಫಿ, ಕೇಕು, ಸಿನಿಮಾ ಇರುತ್ತದೆ. ಚರ್ಚಿನವರು ಕುಣಿದಾಡಿಕೊಂಡು ಒಪ್ಪಿದರು. ಉಳಿದವನು ಡಗ್. ಶನಿವಾರ ಮೆಟ್ಟಿಲ ಬಳಿ ಅಡ್ಡ ಹಾಕಿ ನಿಂತೆ. "ನಿಮ್ಮ ತಾಯಿಗೆ ತೊಂಬತ್ತಾರು. ಒಂದು ಮಧ್ಯಾಹ್ನ ಅವರ ಪಕ್ಕ ಕೂತರೆ ನಿಮ್ಮ ಗಂಟೇನು ಹೋಗುತ್ತೆ?" ಎಂಬರ್ಥ ಬರುವಂತೆ ಇಂಗ್ಲಿಷಿನಲ್ಲಿ ಕೇಳಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು, ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸುತ್ತ, ಬರುತ್ತೇನೆ ಎಂದ.

ಸಿನಿಮಾ ತೋರಿಸುವ ದಿನ ಊಟವಾಗುತ್ತಿದ್ದಂತೆ ಯೂನುಸ್‌ನ ಫೋನ್.

"ವೈನಿ, ಲಫಡಾ ಆಗೇತ್ರಿ. ಫೈಲ್ ಚೆಕ್ ಮಾಡಾಕ ಪೂರಾ ನೋಡಿದೆ. ಕೋರ್ಟ್ ಸೀನ್‌ನ್ಯಾಗ ಅಜ್ಜಿನ ಇಲ್ರಿ."

"ಇಲ್ಲ ಅಂದ್ರೇನ್ರೀ? ಎಲ್ಲಿಗೆ ಹೋದ್ರು?"

"ಕತ್ತರಿ ಹಾಕ್ಯಾರ್ರಿ. ಆಗಿನ ಕಾಲಕ್ಕ ಇಲ್ಲಿ ರಿಲೀಸ್ ಮಾಡೋ ಮಂದಿ ಡಬ್ಬಿಂಗ್ ಮಾಡೋಮುಂದ ಉದ್ದ ಆತು ಅಂತ ಕಟ್ ಮಾಡ್ತಿದ್ರು. ಹೀರೋಂದು ಮುಟ್ಟೂದಿಲ್ಲ, ಇಂಥಾ ಬಡಪಾಯಿಗಳ್ದ ಹಾರಸ್ತಿದ್ರು. ಅಮೆರಿಕಾದ ಆರ್ಕೈವ್‌ಗೆ ಮೇಲ್ ಹಾಕೇನ್ರಿ, ಆದ್ರ ಇವತ್ತಂತೂ ಆಗೂದಿಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ಅದುವರೆಗೆ ಬಾಯಿಮಾತಿಗೆ ಆಡಿದ್ದೆ, ಅವತ್ತು ಅದರ ರುಚಿ ಗೊತ್ತಾಯಿತು. ಕೆಳಗಿಳಿದು ಹೋದರೆ ಅಜ್ಜಿ ನೀಲಿ ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿ ಕೂತಿದ್ದಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇವತ್ತಿಗೆ ಬೇಡ, ನಿಲ್ಲಿಸೋಣ ಎಂದೆ.

ಅವಳು ತುಟಿಬಣ್ಣದ ಮುಚ್ಚಳ ಹಾಕಿ, "ಡಗ್ ಹೊರಟಾಯಿತು," ಎಂದಳು. "ಈಗ ಬೇಡ ಅಂದರೆ ಅವನು ಇನ್ನೊಂದು ಸಲ ಬರೋದಿಲ್ಲ. ಪಕ್ಕದಲ್ಲಿ ಕೂತಿರಲಿ. ಮುಗಿದ ಮೇಲೆ ನಾನು ಎಲ್ಲಿ ಬರಬೇಕಾಗಿತ್ತು ಅಂತ ನಾನೇ ಹೇಳುತ್ತೇನೆ. ನಡಿ."

ಸಭಾಂಗಣ ತುಂಬಿತ್ತು. ಅಜ್ಜಿಯ ಒಂದು ಪಕ್ಕ ಡಗ್, ಇನ್ನೊಂದು ಪಕ್ಕ ನಾನು. ಸಿನಿಮಾದಲ್ಲಿ ಅಮೆರಿಕನ್ನರೆಲ್ಲ ಯಾರದೋ ಗಂಟಲಿನಿಂದ ಜರ್ಮನ್ ಮಾತಾಡಿದರು. ಶುರುವಿನಲ್ಲಿ ನಾಯಕ ನಾಯಕಿಯ ಹೆಸರು ಬಂತು, ಉಳಿದವರ ಹೆಸರಿಗೂ ಕತ್ತರಿ ಬಿದ್ದಿತ್ತು. ಕೋರ್ಟಿನ ದೃಶ್ಯದಲ್ಲಿ ಜವಾನ ಯಾರನ್ನೋ ಕೂಗಿ ಕರೆದ, ಬಾಗಿಲು ತೆರೆಯಿತು, ಅಷ್ಟರಲ್ಲಿ ಚಿತ್ರ ಜಿಗಿದು ನಾಯಕ ಜೈಲಿನಲ್ಲಿದ್ದ. ಅಜ್ಜಿಯ ಬೆರಳುಗಳು ನನ್ನ ಮಣಿಕಟ್ಟನ್ನು ಹಿಡಿದುಕೊಂಡವು. ಕೊನೆಯಲ್ಲಿ ನಾಯಕನ ಮನೆಯೊಡತಿ, ಒಬ್ಬ ಗಯ್ಯಾಳಿ ಮುದುಕಿ, ಅವನ ಕೋಟು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಅಳುತ್ತಾಳೆ. ಅಲ್ಲಿಗೆ ಮುಗಿಯಿತು.

ದೀಪ ಹತ್ತಿದಾಗ ಡಗ್‌ನ ಕಣ್ಣು ಒದ್ದೆಯಾಗಿತ್ತು. ಮುಜುಗರದಿಂದ ಮೂಗು ಒರೆಸಿಕೊಂಡ.

"ಆ ಮೆಟ್ಟಿಲ ಮೇಲೆ ಕೋಟು ಹಿಡಿದು ಕೂತದ್ದು..." ಎಂದ. "ನೋಡಿದ ತಕ್ಷಣ ಗುರುತು ಹಿಡಿದೆ. ಕೂರುವ ರೀತಿ ಈಗಲೂ ಅದೇ. ಎಷ್ಟು ಚೆನ್ನಾಗಿ ಸುಕ್ಕು ಬಳಿದಿದ್ದಾರೆ! ಆಗ ನಿನಗೆ ಮೂವತ್ತೂ ಆಗಿರಲಿಲ್ಲ ಅಲ್ಲವಾ?" ಆಮೇಲೆ, "ಚೆನ್ನಾಗಿ ಮಾಡಿದ್ದೀಯ, ಮಾಮ್," ಎಂದ.

ನಾನು ಬಾಯಿ ತೆರೆದೆ. ಮಣಿಕಟ್ಟಿನ ಮೇಲಿದ್ದ ಅಜ್ಜಿಯ ಬೆರಳುಗಳು ಚರ್ಮಕ್ಕೆ ಉಗುರು ಊರಿದವು.

"ಥ್ಯಾಂಕ್ ಯೂ, ಮಗನೇ," ಎಂದಳು ಅಜ್ಜಿ.

ಸೊಸೆ ರೆನಾಟೆ ಬಂದು ತಬ್ಬಿಕೊಂಡಳು. ಜರ್ಮನ್ ಮುದುಕರೆಲ್ಲ ಸಾಲಾಗಿ ಬಂದು ಕೈ ಕುಲುಕಿ, ಮನೆಯೊಡತಿಯ ಪಾತ್ರ ಅಮೋಘ ಎಂದರು. ಅಜ್ಜಿ ಒಬ್ಬೊಬ್ಬರಿಗೂ ತಲೆಬಾಗಿದಳು. ಅವಳ ಜೀವಮಾನದಲ್ಲಿ ಅಷ್ಟು ಚಪ್ಪಾಳೆ ಬಿದ್ದದ್ದು ಅವತ್ತೇ ಇರಬೇಕು, ಅದೂ ಇನ್ನೊಬ್ಬಳ ಪಾಲಿನದು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮನೆಗೆ ಬಂದ ಮೇಲೆ ಅಜ್ಜಿಯ ಮೇಲೆ ಹರಿಹಾಯ್ದೆ. ಯಾಕೆ ಸುಳ್ಳು ಹೇಳಿದಿರಿ, ಅವಳು ಯಾವಳೋ, ನೀವು ಯಾರೋ ಎಂದೆ.

"ಅವಳು ಬ್ಲಾಂಚ್ ಟರ್ಲೋ," ಎಂದಳು ಅಜ್ಜಿ ಬೂಟಿನ ದಾರ ಬಿಚ್ಚುತ್ತ. "ನಿಜವಾದ ಮುದುಕಿ. ಬಣ್ಣ ಬಳಿದುಕೊಂಡು ಮುದುಕಿಯರ ಅನ್ನ ಕಸಿಯುವವಳು ಅಂತ ನನ್ನ ಜೊತೆ ಮಾತೇ ಆಡುತ್ತಿರಲಿಲ್ಲ. ಅವಳು ಹೇಳಿದ್ದು ನಿಜವೇ." ಬೂಟು ಪಕ್ಕಕ್ಕಿಟ್ಟು, "ಮಾಮ್ ಅಂದ, ಕೇಳಿಸಿತಾ?" ಎಂದಳು.

ಆಮೇಲಿನ ವಾರಗಳಲ್ಲಿ ಡಗ್ ಜಾಕೆಟ್ ಬಿಚ್ಚಿದ. ಶನಿವಾರ ಮಾತ್ರವಲ್ಲ, ನಡುವೆಯೂ ಬಂದ. ಮನೆಗೆ ಕರೆದೊಯ್ದು ಊಟ ಹಾಕಿಸಿದ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಅಷ್ಟರಲ್ಲಿ ಅಮೆರಿಕದಿಂದ ಆ ದೃಶ್ಯ ಸಿಕ್ಕಿತೆಂದು ಯೂನುಸ್ ಕಳಿಸಿದ. ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗೆ ಓಡಿದೆ. ಅಡುಗೆಮನೆಯ ಮೇಜಿನ ಮೇಲೆ ಇಟ್ಟು ದೃಶ್ಯ ಹಾಕಿದೆ.

ಬಾಗಿಲು ತೆರೆಯಿತು. ಈ ಸಲ ಅವಳು ಒಳಗೆ ಬಂದಳು. ದಪ್ಪ ಹುಬ್ಬು, ಮೂಗಿನ ಮೇಲೆ ಮಚ್ಚೆಗಳು, ಮೊಣಕೈವರೆಗೆ ಮಡಿಸಿದ ತೋಳು. ಬೈಬಲ್ ಮೇಲೆ ಕೈಯಿಡುವ ಮುಂಚೆ, ಒದ್ದೆಯಿಲ್ಲದಿದ್ದರೂ, ಆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಅಳಲಿಲ್ಲ, ಕೂಗಲಿಲ್ಲ. ಕಂಡದ್ದನ್ನು ಹೇಳಿದಳು, ಯಜಮಾನನ ಕಡೆ ಒಮ್ಮೆ ನೋಡಿದಳು, ಕೆಲಸ ಹೋಯಿತೆಂದು ಅವಳಿಗೆ ಗೊತ್ತಾದದ್ದು ನಮಗೂ ಗೊತ್ತಾಯಿತು. ಇಂಥದ್ದನ್ನು ಕತ್ತರಿಸಿದವನ ಕೈ ಬಿದ್ದುಹೋಗಲಿ ಎಂದು ಶಪಿಸಿದೆ.

ಅಜ್ಜಿಯ ತುಟಿ ಆ ಮಾತುಗಳ ಜೊತೆ ಅಲುಗುತ್ತಿತ್ತು. "ಎಷ್ಟು ಚಿಕ್ಕವಳು," ಎಂದಳು ಕೊನೆಗೆ.

ಆ ಮುಖದ ಮೇಲೆ ಚಿತ್ರ ನಿಲ್ಲಿಸಿ, "ಈಗಲೇ ಡಗ್‌ಗೆ ಕಳಿಸುತ್ತೇನೆ," ಎಂದೆ.

"ಬೇಡ."

"ಅಜ್ಜೀ, ನೀವು ಇದಕ್ಕೇ ಅಲ್ಲವಾ ಕಾದಿದ್ದು?"

"ಇದನ್ನ ನೋಡಿದರೆ ಅವತ್ತು ನಾನು ಸುಳ್ಳು ಹೇಳಿದ್ದು ಗೊತ್ತಾಗುತ್ತೆ. ಅವನು ಕ್ಷಮಿಸಿದ್ದು ಆ ಮುದುಕಿಯನ್ನ, ಕಿಟ್ಟಿ. ಈ ಹುಡುಗಿಯನ್ನಲ್ಲ. ಇವಳೇ ಅವನನ್ನ ಬಿಟ್ಟು ಹೋದವಳು."

ಅಷ್ಟರಲ್ಲಿ ಬಾಗಿಲು ತೆರೆದು ಡಗ್ ಬಂದ. ಬಗಲಲ್ಲಿ ಕಾಗದ ಸುತ್ತಿದ ದೊಡ್ಡ ಚೌಕಟ್ಟು, ಕೈಯಲ್ಲಿ ಸುತ್ತಿಗೆ. ಮುಖದಲ್ಲಿ ಹಬ್ಬದ ದಿನದ ಹುಡುಗನ ನಗು. ಕಾಗದ ಹರಿದು ತೋರಿಸಿದ. ಸಿನಿಮಾದಿಂದ ತೆಗೆದು ದೊಡ್ಡದು ಮಾಡಿಸಿದ ಚಿತ್ರ: ಮೆಟ್ಟಿಲ ಮೇಲೆ ಕೋಟು ಹಿಡಿದ ಬ್ಲಾಂಚ್ ಟರ್ಲೋ.

"ನಿನ್ನ ಕೋಣೆಯಲ್ಲಿ ನಿನ್ನದೊಂದೂ ಫೋಟೋ ಇರಲಿಲ್ಲ, ಮಾಮ್," ಎಂದ. ಆಗ ಅವನ ಕಣ್ಣು ಲ್ಯಾಪ್‌ಟಾಪಿನ ಮೇಲೆ ಬಿತ್ತು. "ಇದ್ಯಾರು?"

ಡಗ್ ಕನ್ನಡಕ ಏರಿಸಿ ಬಗ್ಗಿ ನೋಡಿದ. ಪರದೆಯ ಮೇಲಿದ್ದ ಅದೇ ದಪ್ಪ ಹುಬ್ಬು ಅವನ ಹಣೆಯ ಕೆಳಗೂ ಇತ್ತು, ನರೆತಿತ್ತು ಅಷ್ಟೇ. ಇಷ್ಟು ಹತ್ತಿರ. ಗುರುತು ಹಿಡಿಯೋ ಮಾರಾಯ ಎಂದು ಮನಸ್ಸಿನಲ್ಲೇ ಕೂಗಿದೆ.

"ಅದೇ ಸಿನಿಮಾದಲ್ಲಿದ್ದ ಒಬ್ಬ ಹುಡುಗಿ," ಎಂದಳು ಅಜ್ಜಿ. "ಕತ್ತರಿಸಿಬಿಟ್ಟರಂತೆ."

"ಹೆಸರೇನು?"

"ನೆನಪಿಲ್ಲ."

"ಪಾಪ," ಎಂದ ಡಗ್. ಕನ್ನಡಕ ಇಳಿಸಿ, ಗೋಡೆಗೆ ಮೊಳೆ ಹೊಡೆದು, ಚೌಕಟ್ಟು ತೂಗಿಹಾಕಿ ಹಿಂದೆ ಸರಿದು ನಿಂತ. "ನೇರವಾಗಿದೆಯಾ, ಮಾಮ್?"

ಅಜ್ಜಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಗೋಡೆಯ ಕಡೆ ತಲೆಯೆತ್ತಿ, "ಎಡಗಡೆ ಒಂಚೂರು ಮೇಲೆತ್ತು," ಎಂದಳು.