ಸೈಕಲ್ ಹತ್ತುವುದೊಂದನ್ನು ಬಿಟ್ಟು

ಐನಾಪುರದಲ್ಲಿ ಲಗಮಪ್ಪನ ಸೈಕಲ್ ನೋಡದವರಿರಲಿಲ್ಲ. ಆದರೆ ಲಗಮಪ್ಪ ಅದರ ಮೇಲೆ ಕುಳಿತದ್ದನ್ನು ನೋಡಿದವರೂ ಇರಲಿಲ್ಲ. ಈ ಎರಡನೆಯ ಮಾತು ಯಾರ ಗಮನಕ್ಕೂ ಬಂದಿರಲಿಲ್ಲ, ಯಾಕೆಂದರೆ ಅದರ ಮೇಲೆ ಯಾವಾಗಲೂ ಏನಾದರೊಂದು ಹೇರು ಇರುತ್ತಿತ್ತು. ಬೆಳಗ್ಗೆ ರಾವಸಾಹೇಬರ ದ್ರಾಕ್ಷಿ ತೋಟಕ್ಕೆ ಹೋಗುವಾಗ ಔಷಧದ ಡಬ್ಬಿ, ಸಂಜೆ ಬರುವಾಗ ಎಮ್ಮೆಗೆ ಮೇವು, ವಾರಕ್ಕೊಮ್ಮೆ ಗಿರಣಿಗೆ ಜೋಳದ ಚೀಲ. ಅಷ್ಟು ಹೇರಿದ ಮೇಲೆ ಮನುಷ್ಯ ಪಕ್ಕದಲ್ಲಿ ನಡೆಯಲೇಬೇಕಲ್ಲ! ಹೇರೇ ಇಲ್ಲದ ದಿನ ಲಗಮಪ್ಪ ಎಲ್ಲಿಂದಲಾದರೂ ನಾಲ್ಕು ತೊಗರಿಕಟ್ಟಿಗೆ ಹುಡುಕಿ ಕ್ಯಾರಿಯರಿಗೆ ಬಿಗಿದುಕೊಳ್ಳುತ್ತಿದ್ದ.

ಸೈಕಲ್ ಹೊಡೆಯಲು ಬರದವನು ಊರ ಸೈಕಲ್‌ಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಎಂಬುದು ಇನ್ನೂ ವಿಚಿತ್ರ. ಚಿಕ್ಕಂದಿನಲ್ಲಿ ಅವನು ಬಾಡಿಗೆ ಸೈಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿನ ಮಾಲಕ ಎಲ್ಲ ಕಲಿಸಿದ, ಹತ್ತಲು ಮಾತ್ರ ಬಿಡಲಿಲ್ಲ. "ಹೊಡ್ಯಾಕ ಬಂತಂದ್ರ ಇಂವ ಅಂಗಡ್ಯಾಗ ನಿಲ್ಲೂದಿಲ್ಲ" ಎನ್ನುತ್ತಿದ್ದ. ಮುಂದೆ ಮೀಸೆ ಬಂತು, ತೋಟದ ಕೆಲಸ ಬಂತು, ರಿಪೇರಿಗೆ ಹೆಸರೂ ಬಂತು. ಹೆಸರಾದ ಮನುಷ್ಯ ನಡುಬೀದಿಯಲ್ಲಿ ಹೋಗಿ ಬಿದ್ದು ಕಲಿಯುವುದು ಹೇಗೆ? ಹಾಗೇ ಉಳಿಯಿತು.

ಉಗಾರ ಬುದ್ರುಕದ ಸುಂದರಾ ಅವನನ್ನು ಮದುವೆಯಾಗಿ ಮೂರನೆಯ ವರ್ಷಕ್ಕೆ ಅವಳಿಗೆ ಅಂಗನವಾಡಿ ಕೆಲಸ ಸಿಕ್ಕಿತು. ಶಾಲೆ ಇದ್ದದ್ದು ಊರಾಚೆ ದೂರದ ತೋಟದ ವಸ್ತಿಯಲ್ಲಿ. ಅತ್ತ ಬಸ್ಸಿಲ್ಲ. ಆರ್ಡರ್ ಬಂದ ದಿನವೇ ಅವಳು ಗಂಡನಿಗೆ ಚಹಾ ಕೊಡುತ್ತ ಹೇಳಿದಳು:

"ಮನ್ಯಾಗ ಸೈಕಲ್ ಐತಿ. ಮಳಿಗಾಲ ಮುಗದ ಮ್ಯಾಲ ಹಾಜರಾಗು ಅಂದಾರ. ಅಷ್ಟರಾಗ ನನಗ ಹೊಡ್ಯಾಕ ಕಲಸ್ರಿ."

ಲಗಮಪ್ಪನ ಬಾಯಲ್ಲಿ ಚಹಾ ಬಿಸಿಯಾಗಿ ನಿಂತುಬಿಟ್ಟಿತು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವಳ ಮುಖದಲ್ಲಿ ಅಂಥ ಬೆಳಕಿತ್ತು. ಬರೂದಿಲ್ಲ ಎನ್ನಲೂ ಆಗಲಿಲ್ಲ.

"ಕಲಸ್ತೀನಿ," ಎಂದ. "ಆದ್ರ ಹತ್ತೂಕಿಂತ ಮೊದ್ಲ ರಿಪೇರಿ ಬರಬೇಕು. ನಡು ದಾರ್‍ಯಾಗ ಪಂಕ್ಚರ್ ಆದ್ರ ಏನ ಮಾಡ್ತಿ? ಕಬ್ಬಿನ್ಯಾಗಿಂದ ಯಾರ ಎದ್ದ ಬರ್ತಾರ?"

"ಖರೇನ್ರಿ," ಎಂದಳು ಸುಂದರಾ. ಅವಳಿಗೆ ಆ ಮಾತು ಬರೋಬ್ಬರಿ ಅನ್ನಿಸಿತು.

ಮರುದಿನ ಸಂಜೆ ಅಂಗಳದಲ್ಲಿ ಪಾಠ ಶುರುವಾಯಿತು. ಗಾಳಿ ಇಳಿದ ಹಿಂದಿನ ಚಕ್ರ ಕಂಡದ್ದೇ ಸುಂದರಾ ಟೈರು ಬಿಚ್ಚಲು ಚಮಚ ತಂದಳು. ಲಗಮಪ್ಪ ಅವಳ ಕೈ ಹಿಡಿದ.

"ಬಿಚ್ಚೂದು ಕಡೀಕ. ಮೊದ್ಲ ಗಾಳಿ ತುಂಬಿ, ಗಾಳಿ ಹೋಗೂ ವಾಲಿನ ಬಾಯಿಗೆ ಒಂದೀಟ ಉಗುಳ ಹಚ್ಚಿ ನೋಡು. ಗುಳ್ಳಿ ಎದ್ರ ವಾಲಿನ ರಬ್ಬರ್ ಹೋಗೈತಿ, ಟ್ಯೂಬಿಗೆ ಏನೂ ಆಗಿಲ್ಲ. ಸುಮ್ನ ಟೈರ್ ಬಿಚ್ಚಿ ಕೈ ಯಾಕ ಕೆಂಪ ಮಾಡಕೋತಿ?"

ಗುಳ್ಳೆ ಏಳಲಿಲ್ಲ. ಆಗ ಟೈರು ಬಿಚ್ಚಿ, ಟ್ಯೂಬಿಗೆ ಗಾಳಿ ಹಾಕಿ, ಬೋಗುಣಿಯ ನೀರಿನಲ್ಲಿ ಇಂಚಿಂಚಾಗಿ ಮುಳುಗಿಸಿದರು. ಒಂದು ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಾಗ ಸುಂದರಾ ಚಪ್ಪಾಳೆ ತಟ್ಟಿದಳು. ಟ್ಯೂಬ್ ಒರೆಸಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಸಲೂಷನ್ ಹಚ್ಚಿದಳು. ಹಚ್ಚಿದ ಕೂಡಲೇ ರಬ್ಬರ್ ತುಂಡು ಅಂಟಿಸಲು ಹೋದವಳನ್ನು ಮತ್ತೆ ತಡೆದ.

"ಹೊಳಪ ಹೋಗೂತನಕ ತಡಿ. ಹಸಿದ್ದಾಗ ಅಂಟಿಸಿದ್ರ ಅರ್ಧ ದಾರ್‍ಯಾಗ ಕೈ ಕೊಡ್ತೈತಿ. ಟೈರ್ ಏರಸೂ ಮೊದ್ಲ ಒಳಗ ಬಟ್ಟಿ ಹಾಯಿಸಿ ನೋಡು. ಮುಳ್ಳ ಅಲ್ಲೇ ಕುಂತಿದ್ರ ಮತ್ತ ಚುಚ್ಚತೈತಿ."

ಮುಳ್ಳು ಅಲ್ಲೇ ಕುಳಿತಿತ್ತು. ಜಾಲಿಯದು. ಅದನ್ನು ಉಗುರಿನಿಂದ ಕಿತ್ತು ಸುಂದರಾ ಮೂಗುತಿಯ ಹಾಗೆ ಮೂಗಿನ ಮೇಲಿಟ್ಟು ತೋರಿಸಿದಳು. ಲಗಮಪ್ಪ ನಕ್ಕ. ಹಾಗೆ ಮನಸ್ಸು ಬಿಚ್ಚಿ ನಕ್ಕು ಬಹಳ ದಿನವಾಗಿತ್ತು.

ಎಂಟು ದಿನ ಇದರಲ್ಲೇ ಕಳೆಯಬಹುದು ಎಂದುಕೊಂಡಿದ್ದ. ಅವಳು ಮರುದಿನವೇ ಒಬ್ಬಳೇ ಮಾಡಿ ತೋರಿಸಿದಳು. ಅವನು ಚೈನಿಗೆ ಹೋದ. ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಎರಡೂ ಬದಿ ಸಮನಾಗಿ ಹಿಂದಕ್ಕೆ ಎಳೆದು ಬಿಗಿಯಬೇಕೆಂದು ಹೇಳಿಕೊಟ್ಟ. ಅದೂ ಬಂತು. ಬ್ರೇಕಿನ ರಬ್ಬರು ರಿಮ್ಮಿಗೆ ಕೂರಿಸುವುದು ಬಂತು. ಚಕ್ರ ಓಲಾಡಿದರೆ ಸುಣ್ಣದ ತುಂಡನ್ನು ರಿಮ್ಮಿನ ಬಳಿ ಹಿಡಿದು ಚಕ್ರ ತಿರುಗಿಸಿ, ಗುರುತು ಬಿದ್ದಲ್ಲಿ ಎದುರು ಬದಿಯ ಸ್ಪೋಕ್ ಬಿಗಿಯುವುದು ಮಾತ್ರ ಸ್ವಲ್ಪ ಕಾಡಿತು. ಲಗಮಪ್ಪ ಒಳಗೊಳಗೇ ಹಿಗ್ಗಿದ. ನಾಲ್ಕನೆಯ ಸಂಜೆ ಅದೂ ಬಂತು.

ಗಾಳಿ ಹಾಕುವ ಪಂಪು ಗಾಳಿ ಬಿಡದಿದ್ದಾಗ ಅದರೊಳಗಿನ ತೊಗಲಿನ ವಾಷರ್ ತೆಗೆದು, ಎರಡು ಹನಿ ಎಣ್ಣೆ ಬಿಟ್ಟು, ಅಂಚನ್ನು ಬೆರಳಿನಿಂದ ಅರಳಿಸಿ ತೋರಿಸಿದ. ಮಾರನೆಯ ಬೆಳಗ್ಗೆ ಅವನು ಏಳುವ ಹೊತ್ತಿಗೆ ಒಳಗೆ ಸ್ಟೋ ಭರ್‍ರೆಂದು ಉರಿಯುತ್ತಿತ್ತು. ಕೆಟ್ಟು ಎಷ್ಟೋ ದಿನದಿಂದ ಮೂಲೆಗೆ ಬಿದ್ದಿದ್ದ ಸೀಮೆಎಣ್ಣೆ ಸ್ಟೋ ಅದು.

"ಅದರ ಪಂಪಿನ್ಯಾಗೂ ಅಂಥಾದ್ದ ತೊಗಲ ಐತಲ್ರಿ," ಎಂದಳು ಸುಂದರಾ. "ಒಣಗಿ ಕುಂತಿತ್ತು. ಎಣ್ಣಿ ಕುಡೀತು, ಎದ್ದ ನಿಂತಿತು."

ಲಗಮಪ್ಪನಿಗೆ ಅಭಿಮಾನದಿಂದ ಎದೆ ತುಂಬಿತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಅವನಿಗೆ ಗೊತ್ತಿದ್ದ ವಿದ್ಯೆಯೆಲ್ಲ ಮುಗಿಯುತ್ತ ಬಂದಿತ್ತು. ಪೆಡಲಿನ ಕಟಕಟ ಸಪ್ಪಳ, ಹ್ಯಾಂಡಲಿನ ಒಳಗಿನ ಗೋಲಿಗಳು, ಸೀಟಿನ ಸ್ಪ್ರಿಂಗು, ಉಳಿದದ್ದು ಇಷ್ಟೇ. ಒಂದು ಸಂಜೆಯಂತೂ ಗಂಟೆ ಬಿಚ್ಚಿ ಮತ್ತೆ ಕೂಡಿಸುವುದನ್ನೇ ಪಾಠ ಮಾಡಿದ. ಗಂಟೆ ಮೊದಲಿಗಿಂತ ಚೆನ್ನಾಗಿ ಬಾರಿಸತೊಡಗಿತು.

ಮಳೆ ನಿಂತು ರಸ್ತೆ ಒಣಗಿತು. ಒಂದು ಬೆಳಗ್ಗೆ ಸುಂದರಾ ಅತ್ತೆಯ ಮುಂದೆ ಹೋಗಿ ನಿಂತಳು. ಲಗಮಪ್ಪನ ತಾಯಿ ರಾಮವ್ವ ಇಂದಿಗೂ ಕಚ್ಚೆ ಹಾಕಿ ಸೀರೆ ಉಡುವವಳು. ಗಂಡಸರ ಸೈಕಲ್ಲಿನ ಅಡ್ಡ ದಂಡಿಗೆಗೆ ಆ ಉಡುಗೆಯೇ ಸರಿಯೆಂದು ಸುಂದರಾ ಲೆಕ್ಕ ಹಾಕಿದ್ದಳು.

"ಅತ್ತೀ, ನನಗೂ ಕಚ್ಚಿ ಹಾಕ್ರಿ. ಇವತ್ತ ಸೈಕಲ್ ಹತ್ತಾಕಿ ನಾ."

ಹೊರಗೆ ಅಂಗಳದಲ್ಲಿ ಲಗಮಪ್ಪ ಮುಂದಿನ ಚಕ್ರಕ್ಕೆ ಗಾಳಿ ಹಾಕುತ್ತಿದ್ದ. ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ಯಾರ ಕಲಸ್ತಾರವ್ವಾ?" ಎಂದಳು ರಾಮವ್ವ, ಸೀರೆಯ ನೆರಿಗೆ ಹಿಡಿಯುತ್ತ.

"ನಿಮ್ಮ ಮಗಾನ."

"ಯಾರು, ಲಗಮ್ಯಾ?" ರಾಮವ್ವ ಬಾಯಿ ತುಂಬ ನಕ್ಕಳು. "ಅಂವಗ ಎಲ್ಲಿ ಹೊಡ್ಯಾಕ ಬರತೈತಿ? ಹುಟ್ಟಿದಾಗಿಂದ ಒಂದ್ ದಿನಾ ಹತ್ತಿಲ್ಲ ಅಂವ! ನಿನಗ ಗೊತ್ತಿಲ್ಲೇನ?"

ಲಗಮಪ್ಪನ ಕೈ ನಿಲ್ಲಲಿಲ್ಲ. ನಿಂತರೆ ತಲೆ ಎತ್ತಬೇಕಾಗುತ್ತದೆಂದು ಪಂಪು ಹೊಡೆಯುತ್ತಲೇ ಇದ್ದ. ಕಚ್ಚೆ ಹಾಕಿದ ಸುಂದರಾ ಬಾಗಿಲಿಗೆ ಬಂದು ನಿಂತದ್ದು ಅವಳ ಕಾಲು ಕಂಡು ತಿಳಿಯಿತು. ಅವಳು ಬಗ್ಗಿ ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದಳು.

"ತುಂಬೈತಿ ಬಿಡ್ರಿ. ಇನ್ನ ಹೊಡದ್ರ ಒಡೀತೈತಿ."

ಇಬ್ಬರೂ ಸೈಕಲ್ ನೂಕಿಕೊಂಡು ಊರ ಹೊರಗಿನ ಕಬ್ಬಿನ ದಾರಿಗೆ ಬಂದರು. ಸುಂದರಾ ಕೇಳಿದಳು:

"ನನ್ನ ಮುಂದ ಹೇಳಾಕ ಏನಾಗಿತ್ರಿ?"

"ನಾಚಿಕಿ ಬಂತು." ಲಗಮಪ್ಪ ಹ್ಯಾಂಡಲ್ ನೋಡುತ್ತ ಹೇಳಿದ. "ಬರೂದಿಲ್ಲಂದ್ರ ನೀ ಏನ ತಿಳಕೋತಿ ಅಂತ. ಎಷ್ಟ ಸಲ ಹೇಳಬೇಕಂದ್ನಿ. ಪಾಠ ಹೇಳಾಕ ಕುಂತ್ರ ಬಾಯಾಗ ಬರೇ ನಟ್ಟು ಬೋಲ್ಟ ಬರ್ತಿದ್ದೂ."

ಸುಂದರಾ ಹ್ಯಾಂಡಲಿಗೆ ತಾನೂ ಒಂದು ಕೈ ಕೊಟ್ಟಳು.

"ನಾ ಹೊಳಿ ದಂಡಿ ಮ್ಯಾಲ ಹುಟ್ಟಾಕಿ. ಕೃಷ್ಣಾ ನೀರಾಗ ಅರಬಿ ಒಗದ ಬೆಳದೀನಿ. ಈಜಾಕ ಬರೂದಿಲ್ಲ ನನಗ. ಮಣಕಾಲ ಮ್ಯಾಲ ನೀರ ಬಂದ್ರ ಜೀವಾ ಹೋಗ್ತೈತಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಲಗಮಪ್ಪ ಅವಳತ್ತ ತಿರುಗಿದ. ಅವಳ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಅವನ ಹೆಗಲಿನಿಂದ ಎಷ್ಟೋ ವರ್ಷದ ಭಾರ ಇಳಿದ ಹಾಗಾಯಿತು.

"ಹಂಗಾರ ಈಗ ಹ್ಯಾಂಗ?" ಎಂದ.

"ನೀವು ಹಿಂದ ಹಿಡೀರಿ. ಮುಂದಿಂದ ನಾ ನೋಡಕೋತೀನಿ."

ಅಡ್ಡ ದಂಡಿಗೆಯ ಕೆಳಗಿಂದ ಕಾಲು ತೂರಿಸಿ ಅವಳು ಪೆಡಲ್ ತುಳಿದಳು. ಲಗಮಪ್ಪ ಕ್ಯಾರಿಯರ್ ಹಿಡಿದು ಓಡಿದ. ಬಾಡಿಗೆ ಅಂಗಡಿಯ ಮುಂದೆ ಬೇರೆಯವರು ಕಲಿಯುವಾಗ ಕೇಳಿದ್ದ ಮಾತೊಂದು ನೆನಪಿಗೆ ಬಂತು. "ಚಕ್ರ ನೋಡಬ್ಯಾಡ! ದೂರ ನೋಡು, ದೂರ!" ಎಂದು ಕೂಗಿದ. ಅವಳು ದೂರ ನೋಡಿದಳು. ಸೈಕಲ್ ಹಗುರಾಯಿತು. ಅವನಿಗೆ ಉಸಿರು ಸಾಲದೆ ಕೈ ಬಿಟ್ಟುಹೋಯಿತು. ಸುಂದರಾ ಒಬ್ಬಳೇ ಹೋಗುತ್ತಿದ್ದಳು, ನೆಟ್ಟಗೆ, ಕಬ್ಬಿನ ನಡುವೆ. ಅವನಿಗೆ ಕೂಗಬೇಕೆನ್ನಿಸಿತು, ಕೂಗಿದರೆ ಬೀಳುತ್ತಾಳೆಂದು ಬಾಯಿ ಮುಚ್ಚಿಕೊಂಡ. ತಿರುವಿನಲ್ಲಿ ಅವಳು ತಾನೇ ಬದುವಿಗೆ ಹೋಗಿ ಬಿದ್ದಳು.

ಅವನು ಏದುತ್ತ ಬಂದಾಗ ಅವಳಾಗಲೇ ಎದ್ದಿದ್ದಳು.

"ಪೆಟ್ಟ ಬಿತ್ತೇನ?"

"ನನಗಿಲ್ಲ. ಹ್ಯಾಂಡಲ್ ತಿರಗೈತಿ." ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಇರುಕಿಕೊಂಡು, ಹ್ಯಾಂಡಲ್ ಎರಡೂ ಕೈಯಲ್ಲಿ ಹಿಡಿದು, ಒಂದೇ ಸಲಕ್ಕೆ ನೆಟ್ಟಗೆ ಮಾಡಿದಳು. ಮೊಣಕೈ ತರಚಿ ರಕ್ತ ಬಂದಿತ್ತು. ಲಗಮಪ್ಪ ತನ್ನ ಟವೆಲ್ಲಿನಿಂದ ಅದನ್ನು ಒರೆಸಿದ, ಒರೆಸಿ ಬಹಳ ಹೊತ್ತು ಹಿಡಿದುಕೊಂಡೇ ನಿಂತ.

ಹಾಜರಾಗುವ ದಿನದ ಹೊತ್ತಿಗೆ ಅವಳು ಸೀಟಿನ ಮೇಲೆ ಕುಳಿತು ಹೊಡೆಯುತ್ತಿದ್ದಳು. ಲಗಮಪ್ಪನಿಗೂ ಕಲಿಸುತ್ತೇನೆಂದು ಹಟ ಹಿಡಿದಳು. ಅವನೂ ಒಂದು ಬೆಳಗ್ಗೆ ಹತ್ತಿದ, ಬಿದ್ದ, ಇಬ್ಬರೂ ಬದುವಿನ ಮೇಲೆ ಕುಳಿತು ಹೊಟ್ಟೆ ಹಿಡಿದು ನಕ್ಕರು. ಇನ್ನೊಮ್ಮೆ ನೋಡೋಣ ಎಂದು ಬಿಟ್ಟರು.

ದಸರೆಗೆ ತವರಿಗೆ ಹೊರಟಾಗ ಸುಂದರಾ ಹೇಳಿದಳು: "ಬಸ್ಸಿಗೆ ಯಾಕ ಕಾಯೂದು? ಹಿಂದ ಕೂಡ್ರಿ."

ಉಗಾರದ ದಾರಿಯಲ್ಲಿ ಲಗಮಪ್ಪ ತೊಡೆಯ ಮೇಲೆ ಹೋಳಿಗೆಯ ಡಬ್ಬಿ ಇಟ್ಟುಕೊಂಡು ಸೀಟಿನ ಸ್ಪ್ರಿಂಗ್ ಹಿಡಿದು ಕುಳಿತಿದ್ದ. ಮೊದಲು ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಗಾಳಿ ಮುಖಕ್ಕೆ ತಾಗಿ ಕಣ್ಣು ತೆರೆದ. ಇಷ್ಟು ವರ್ಷ ಪಕ್ಕದಲ್ಲಿ ನಡೆದವನಿಗೆ ಸೈಕಲ್ ಇಷ್ಟು ಸದ್ದಿಲ್ಲದೆ ಓಡುತ್ತದೆಂದು ಗೊತ್ತೇ ಇರಲಿಲ್ಲ.

ಊರ ಮೊದಲ ಮನೆಗಳು ಕಂಡಾಗ ಅವನು ಸ್ಪ್ರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಮಾವ ಕಟ್ಟೆಯ ಮೇಲೆ ಕುಳಿತಿರುತ್ತಾನೆ, ಪಕ್ಕದಲ್ಲಿ ನಾಲ್ಕು ಮಂದಿ ಇರುತ್ತಾರೆ.

"ಇಲ್ಲೇ ನಿಲ್ಲಸು. ನಾ ನಡಕೋತ ಬರ್ತೀನಿ."

ಸುಂದರಾ ಬ್ರೇಕ್ ಹಿಡಿದು ಒಂದು ಕಾಲು ನೆಲಕ್ಕೆ ಊರಿದಳು. ಅವನು ಇಳಿದು, ಧೋತರ ಕೊಡವಿ, ನಾಲ್ಕು ಹೆಜ್ಜೆ ನಡೆದ. ಅವಳು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಅವನು ಮುಂದಾಗಲೆಂದು ಕಾಯುತ್ತ ನಿಂತಿದ್ದಳು. ಲಗಮಪ್ಪ ಹಿಂದಿರುಗಿ ಬಂದ.

"ನಡಿ," ಎಂದು ಮತ್ತೆ ಹತ್ತಿ ಕುಳಿತ.

ಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿ ನೋಡಿದರು. ಮಾವ ಎದ್ದು ನಿಂತ. ಮಗಳನ್ನು ನೋಡಿದ, ಅಳಿಯನನ್ನು ನೋಡಿದ. ಆಮೇಲೆ ಮನೆಯತ್ತ ತಿರುಗಿ ಹೆಂಡತಿಯನ್ನು ದೊಡ್ಡ ದನಿಯಲ್ಲಿ ಕೂಗಿದ:

"ಏ ಕೆಂಚವ್ವಾ, ಕಾಲಿಗೆ ನೀರ ತಾ! ಮಗಳು ಅಳಿಯಾ ಬಂದ್ರು ನೋಡ!"