ಹನ್ನೆರಡು ಸಿಂಹಗಳ ಸೇತುವೆ

ಹೊಲಿಗೆ ಯಂತ್ರಕ್ಕೆ ಹೊದಿಕೆ ಹೊದಿಸಿ ಅವಳು ನೆಲದ ಮೇಲೆ ಕಂದು ಕಾಗದ ಹಾಸಿದಳು. ಶಾಲೆಗಳ ಪರೀಕ್ಷೆ ಮುಗಿದು ಎರಡು ದಿನವಾಗಿತ್ತು. ಹೊಸ ಸಮವಸ್ತ್ರದ ಬಟ್ಟೆಗಂಟುಗಳು ಬಂದು ಬೀಳಲು ಇನ್ನೂ ಹತ್ತು ದಿನವಿತ್ತು. ವರ್ಷಕ್ಕೆ ಅವಳ ಕತ್ತರಿಗೆ ಬಿಡುವು ಸಿಗುವುದು ಬೇಸಿಗೆ ಹೊಸ್ತಿಲು ತುಳಿಯುವ ಈ ಹತ್ತು ದಿನ ಮಾತ್ರ. ಅದರಲ್ಲಿ ಮೂರು ದಿನವನ್ನು ಮಹಾನಗರಕ್ಕೆಂದು ಎತ್ತಿಟ್ಟಿದ್ದಳು. ಗಂಡ ಹೆಂಡಿರಿಬ್ಬರೇ, ಒಂದೇ ಪೆಟ್ಟಿಗೆ, ನದಿಗೆ ಮುಖ ಮಾಡಿದ ಒಂದು ಕೋಣೆ.

ತೋಳು ಕಾಲರು ಗುರುತು ಹಾಕುವ ಸೀಮೆಸುಣ್ಣದಿಂದಲೇ ಕಾಗದದ ಮೇಲೆ ನಗರವನ್ನು ಬಿಡಿಸತೊಡಗಿದಳು. ಇಲ್ಲಿ ಸ್ಟೇಷನ್ನು, ಇಲ್ಲಿ ನದಿ, ಇಲ್ಲಿ ಬಟ್ಟೆಯ ಮಾರುಕಟ್ಟೆ.

"ರೀ, ಸೇತುವೆ ಯಾವ ಕಡೆಯಿಂದ ಶುರುವಾಗುತ್ತೆ? ಸ್ಟೇಷನ್ ಕಡೆಯಿಂದಾನಾ, ಮಾರ್ಕೆಟ್ ಕಡೆಯಿಂದಾನಾ?"

ಗಂಡ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದ. ಕೆನ್ನೆಯ ಮೇಲಿನ ರೇಜರು ಒಂದು ಕ್ಷಣ ನಿಂತಿತು. "ಸೇತುವೆ ಅಂದ್ಮೇಲೆ ಎರಡೂ ಕಡೆಯಿಂದ ಶುರುವಾಗುತ್ತೆ ಕಣೇ ಕತ್ತರಿ."

"ಜಾಣರಪ್ಪಾ! ಎರಡು ವರ್ಷ ಅಲ್ಲಿದ್ದೋರನ್ನ ಕೇಳ್ತಿದೀನಿ."

"ನೆನಪಿರುತ್ತಾ ಅದೆಲ್ಲ! ಹೊತ್ತಾಯ್ತು, ಟವೆಲ್ ಕೊಡು."

ಊರಿನವರ ಬಾಯಲ್ಲಿ ಅವನು ಟಿಕೆಟ್ಟಣ್ಣ. ರೈಲ್ವೆ ಸ್ಟೇಷನ್ನಿನ ಎರಡನೇ ಕಿಟಕಿಯ ಹಿಂದೆ ಕೂತು ದಿನವಿಡೀ ಟಿಕೆಟ್ ಕೊಡುವವನು. ನಾಲ್ಕು ವರ್ಷದ ಹಿಂದೆ ಅವಳನ್ನು ನೋಡಲು ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ನೀವು ಮಹಾನಗರ ನೋಡಿದೀರಾ? ಅದಕ್ಕೆ ಮೊದಲು ಬಂದಿದ್ದ ಇಬ್ಬರಲ್ಲಿ ಒಬ್ಬನಿಗೆ ಸ್ವಂತ ಮನೆಯಿತ್ತು, ಇನ್ನೊಬ್ಬನಿಗೆ ಎರಡು ಅಂಗಡಿಯಿತ್ತು. ಇಬ್ಬರೂ ಈ ಪ್ರಶ್ನೆಗೆ ಹುಬ್ಬೇರಿಸಿ ನಕ್ಕಿದ್ದರು. ಇವನು ನಗಲಿಲ್ಲ. ಅವಳ ಕಣ್ಣನ್ನೇ ನೋಡಿ, "ಟ್ರೈನಿಂಗ್‌ಗೆ ಹೋಗಿದ್ದೆ. ಎರಡು ವರ್ಷ ಅಲ್ಲೇ ಇದ್ದೆ" ಎಂದಿದ್ದ. ಅವಳು ಆ ಗಳಿಗೆಯಲ್ಲೇ ಹೂಂ ಅಂದುಬಿಟ್ಟಿದ್ದಳು.

ತುತ್ತಿಗೊಂದು ಕಥೆ ನಂಚಿಕೊಂಡು ಬೆಳೆದ ಹುಡುಗಿ ಅವಳು. ಅಜ್ಜಿ ಕಥೆಯಲ್ಲಿ ಏಳು ಸಮುದ್ರ ದಾಟಿಸದ ಹೊರತು ಅವಳ ಬಾಯಿ ತೆರೆಯುತ್ತಿರಲಿಲ್ಲವಂತೆ. ಅಜ್ಜಿ ಹೋದ ಮೇಲೆ ತೆರವಾಗಿದ್ದ ಆ ಜಾಗದಲ್ಲಿ ಗಂಡ ಬಂದು ಕೂತ. ಊಟಕ್ಕೆ ಕೂತರೆ ಸಾಕು, ತಟ್ಟೆಯ ಪಕ್ಕದಲ್ಲಿ ಮಹಾನಗರ ಎದ್ದು ನಿಲ್ಲುತ್ತಿತ್ತು. ಸೇತುವೆಯ ಮೇಲೆ ಹನ್ನೆರಡು ಕಲ್ಲಿನ ಸಿಂಹ. ಏಳನೆಯದಕ್ಕೆ ಒಂದು ಕಿವಿಯಿಲ್ಲ, ಆ ಇಲ್ಲದ ಕಿವಿಯಲ್ಲಿ ಗುಟ್ಟು ಹೇಳಿದರೆ ಅದು ಯಾರಿಗೂ ಬಾಯಿ ಬಿಡುವುದಿಲ್ಲ. ಆರು ಮಹಡಿಯ ಬಟ್ಟೆಯ ಮಾರುಕಟ್ಟೆ; ಮಹಡಿಗೊಂದು ಬಣ್ಣ, ಕೆಂಪೆಲ್ಲ ಒಂದು ಕಡೆ, ಹಸಿರೆಲ್ಲ ಒಂದು ಕಡೆ. ನೀಲಿ ಮಹಡಿಯ ನೂಕುನುಗ್ಗಲಲ್ಲಿ ಅವನ ಎಡಗಾಲಿನ ಹೊಸ ಚಪ್ಪಲಿ ಕಳೆದುಹೋಗಿ, ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ಸ್ಟೇಷನ್ನಿಗೆ ಬಂದಿದ್ದನಂತೆ. ಅದನ್ನು ಕೇಳಿದ ದಿನ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವನ ಎಡಗಾಲನ್ನು ಮಡಿಲಿಗೆಳೆದುಕೊಂಡು ನೇವರಿಸಿದ್ದಳು.

ಹೋಗೋಣ ಅಂದಾಗೆಲ್ಲ ಮಾತ್ರ ಅವನಿಗೆ ರಜಾ ಸಿಗುತ್ತಿರಲಿಲ್ಲ. ಮೂರು ಬೇಸಿಗೆ ಹಾಗೇ ಕಳೆಯಿತು. ಈ ಸಲ ಅವಳು ಕೇಳಲಿಲ್ಲ, ಹೇಳಿದಳು. ಕೋಣೆಗೆ ಫೋನ್ ಮಾಡಿ ಗೊತ್ತು ಮಾಡಿದಳು. ತನಗೊಂದು ತಿಳಿನೀಲಿ ಉಡುಪು, ಅವನಿಗೊಂದು ಅರ್ಧ ತೋಳಿನ ಅಂಗಿ ಹೊಲಿದಳು. ಉಳಿದದ್ದು ಪಾಸು ಒಂದೇ. ರೈಲ್ವೆಯವರಿಗೆ ವರ್ಷಕ್ಕೊಮ್ಮೆ ಹೆಂಡತಿಯ ಸಮೇತ ಬಿಟ್ಟಿ ಪ್ರಯಾಣದ ಪಾಸು ಉಂಟು.

"ಪಾಸು ಏನಾಯ್ತು ರೀ?"

"ನೋಡ್ತೀನಿ."

"ಇನ್ನು ಐದೇ ದಿನ ಇರೋದು!"

"ನೋಡ್ತೀನಿ ಅಂದ್ನಲ್ಲೇ. ಅದೇನು ಅಂಗಿಗೆ ಗುಂಡಿ ಹಚ್ಚಿದಷ್ಟು ಸುಲಭಾನಾ?" ಎನ್ನುತ್ತಲೇ ಅವನು ಬಾಗಿಲು ದಾಟಿದ.

ಪಾಪ, ಕೆಲಸದ ನಡುವೆ ಅವರಿಗೆಲ್ಲಿ ಪುರುಸೊತ್ತು, ನಾನೇ ಮಾಡಿಸಿಕೊಂಡು ಬಂದರಾಯಿತು ಅಂದುಕೊಂಡು, ಹತ್ತು ಗಂಟೆಗೆ ಅವಳೇ ಸ್ಟೇಷನ್ನಿನ ಮಹಡಿಯ ಮೇಲಿನ ಕಚೇರಿಗೆ ಹೋದಳು. ಪಾಸು, ರಜೆ ಎರಡನ್ನೂ ನೋಡಿಕೊಳ್ಳುವ ಹಿರಿಯ ಗುಮಾಸ್ತೆಯನ್ನು ಎಲ್ಲರೂ ಪಾಸಿನಕ್ಕ ಎನ್ನುತ್ತಿದ್ದರು. ಅಕ್ಕ ಒಣಗಿದ ಶಾಯಿದಾನಿಗೆ ಹನಿಹನಿ ನೀರು ಬಿಡುತ್ತಾ ಕೂತಿದ್ದರು.

"ಓ, ನಮ್ಮ ಟಿಕೆಟ್ಟಣ್ಣನ ಹೆಂಡ್ತಿ! ಬಾಮ್ಮ, ಕೂತ್ಕೋ. ಕೊನೆಗೂ ಆ ಮಹಾರಾಯನ್ನ ಊರು ಬಿಡಿಸ್ತಿದೀಯಾ ಅನ್ನು!"

"ಕೊನೆಗೂ ಅಂದ್ರೆ?"

"ಮತ್ತಿನ್ನೇನು? ಹನ್ನೊಂದು ವರ್ಷದ ಸರ್ವೀಸು, ಒಂದೇ ಒಂದು ಪಾಸು ತಗೊಂಡಿಲ್ಲ. ನಮ್ಮ ಕಸ ಗುಡಿಸೋಳೂ ವರ್ಷಕ್ಕೊಂದ್ಸಲ ಸಮುದ್ರ ನೋಡ್ಕೊಂಡು ಬರ್ತಾಳೆ. ಇವನಿಗೇನು ಕಾಯಿಲೆ ಅಂತ!"

"ಅವರಿಗೆ ರಜಾ ಕೊಡಲ್ವಲ್ಲ ಅಕ್ಕ. ಪ್ರತಿ ವರ್ಷ ಕೇಳಿ ಕೇಳಿ…"

"ಯಾರು ಕೊಡಲ್ಲ ಅಂದೋರು?" ಅಕ್ಕನ ಕೈಯ ನೀರಿನ ಬಾಟಲಿ ಅಲ್ಲೇ ನಿಂತಿತು. "ರಜಾ ಅರ್ಜಿ ಬಂದು ಬೀಳೋದು ಈ ಮೇಜಿನ ಮೇಲಮ್ಮ. ಅವರಮ್ಮ ತೀರ್ಕೊಂಡಾಗ ಮೂರು ದಿನ, ನಿಮ್ಮ ಮದುವೆಗೆ ನಾಲ್ಕು ದಿನ. ಅಷ್ಟು ಬಿಟ್ರೆ ಅರ್ಜಿನೇ ಬಂದಿಲ್ಲ."

ಕೈಗೆ ಸಿಕ್ಕ ಹಗ್ಗ ಹಿಡಿದವಳಂತೆ ಕೇಳಿದಳು, "ಅದಕ್ಕೂ ಮುಂಚೆ ಹೋಗಿದ್ರಲ್ಲ, ಎರಡು ವರ್ಷ? ಮಹಾನಗರಕ್ಕೆ, ಟ್ರೈನಿಂಗ್‌ಗೆ?"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಟಿಕೆಟ್ ಕೊಡೋಕೆ ಎರಡು ವರ್ಷ ಟ್ರೈನಿಂಗಾ! ಮೂರು ದಿನ ಕಣಮ್ಮ. ಕೆಳಗಡೆ ಅದೇ ಕಿಟಕೀಲಿ ಪಕ್ಕದಲ್ಲಿ ನಿಂತು ನಾನೇ ಹೇಳ್ಕೊಟ್ಟಿದ್ದು. ಹತ್ತೊಂಬತ್ತು ವರ್ಷದ ಹುಡುಗ. ಅಪ್ಪ ಇದ್ದಕ್ಕಿದ್ದಂಗೆ ಹೋಗ್ಬಿಟ್ರು, ಅವರ ಕೆಲಸ ಇವನಿಗೆ ಬಂತು. ಅಮ್ಮ ಹಾಸಿಗೆ ಹಿಡಿದಿದ್ರು. ಮಧ್ಯಾಹ್ನ ಓಡಿ ಹೋಗಿ ಅವರಿಗೆ ಊಟ ಮಾಡಿಸಿ ಓಡಿ ಬರ್ತಿದ್ದ. ಅವನೆಲ್ಲಿಗೆ ಹೋಗ್ತಾನೆ? ಆ ಕಡೆ ಪ್ಲಾಟ್‌ಫಾರ್ಮಿಂದ ಮುಂದಕ್ಕೆ ಹೋದೋನಲ್ಲ."

ಅವಳ ಮುಖ ನೋಡಿ ಅಕ್ಕನ ನಗು ಇಳಿಯಿತು. "ಯಾಕಮ್ಮ, ಏನಾಯ್ತು?"

ಅಕ್ಕ ಬೇರೆ ಯಾರದೋ ವಿಷಯ ಹೇಳುತ್ತಿದ್ದಾರೆ ಎಂದೇ ಅವಳಿಗೆ ಇನ್ನೂ ಅನ್ನಿಸುತ್ತಿತ್ತು. ಬಗ್ಗಿ ಮೇಜಿನ ಮೇಲೆ ತೆರೆದಿದ್ದ ಪಾಸಿನ ಪುಸ್ತಕ ನೋಡಿದಳು. ಅವನ ಸಮವಸ್ತ್ರದ ಜೇಬಿನ ಮೇಲೆ ಅವಳೇ ದಾರದಲ್ಲಿ ಹೊಲಿದ ನಂಬರೇ ಅಲ್ಲಿತ್ತು. ಅದರ ಮುಂದೆ ವರ್ಷಕ್ಕೊಂದರಂತೆ ಗೆರೆ ಎಳೆದ ಹನ್ನೊಂದು ಮನೆ. ಹನ್ನೊಂದೂ ಖಾಲಿ.

"ಏನಿಲ್ಲ ಅಕ್ಕ."

"ಈ ಫಾರಂಗೆ ಅವನ ಸೈನ್ ಹಾಕಿಸ್ಕೊಂಡು ಬಾ, ಈಗಿಂದೀಗಲೇ ಮಾಡ್ಕೊಡ್ತೀನಿ. ನೀರು ಕುಡೀತೀಯಾ?"

ಅವಳು ಬೇಡವೆಂದು ತಲೆಯಾಡಿಸಿ, ಫಾರಂ ಹಿಡಿದು ಹೊರಬಿದ್ದಳು. ಇಳಿಯುವಾಗ ಒಂದೊಂದು ಮೆಟ್ಟಿಲಿಗೆ ಒಂದೊಂದು ಸಿಂಹ ಉರುಳಿ ನದಿಗೆ ಬಿತ್ತು. ಮಹಡಿಯ ಮೇಲೆ ಮಹಡಿ ಬಿತ್ತು, ಕೆಂಪು, ಹಸಿರು, ನೀಲಿ. ನಡುವೆ ಎಲ್ಲಿ ಕಾಲಿಡುತ್ತಿದ್ದೇನೆಂದು ತಿಳಿಯದೆ ಮೆಟ್ಟಿಲ ಕಂಬಿ ಹಿಡಿದು ನಿಂತಳು. ಅವನಿಗೆ ಬೇರೆ ಹೆಂಗಸಿದ್ದಾಳೆ ಎಂದು ಯಾರಾದರೂ ಹೇಳಿದ್ದರೆ ಅಳುವುದು ಹೇಗೆಂದಾದರೂ ಗೊತ್ತಾಗುತ್ತಿತ್ತು. ಇದಕ್ಕೆ ಏನು ಮಾಡುತ್ತಾರೆ? ಆ ಎರಡು ವರ್ಷವೇ ಇರಲಿಲ್ಲವೆಂದರೆ, ಅದನ್ನು ನಂಬಿ ಹೂಂ ಅಂದ ಹುಡುಗಿ ಯಾರಿಗೆ ಹೂಂ ಅಂದಳು? ನಾಲ್ಕು ವರ್ಷ ಯಾರ ಎದುರು ಕೂತು ಉಂಡಳು?

ಕೆಳಗೆ ಎರಡನೇ ಕಿಟಕಿಯ ಮುಂದೆ ಹತ್ತು ಹನ್ನೆರಡು ಜನರ ಸಾಲಿತ್ತು. ಸಾಲು ಮುರಿದು ನುಗ್ಗಬಹುದಿತ್ತು, ಪಕ್ಕದ ಬಾಗಿಲು ತಟ್ಟಬಹುದಿತ್ತು. ಅವಳು ಎಲ್ಲರ ಹಿಂದೆ ಹೋಗಿ ನಿಂತಳು. ಅವಳ ಹಿಂದೆ ಕನ್ನಡಕದ ಅಂಗಡಿಯ ಯಜಮಾನರು ಬಂದು ನಿಂತರು. ತಿಂಗಳಿಗೆರಡು ಸಲ ಗಾಜು ತರಲು ಮಹಾನಗರಕ್ಕೆ ಹೋಗುವ ಮುದುಕರು.

ಅವಳ ಸರದಿ ಬಂತು. ಗಾಜಿನ ಹಿಂದೆ ಅವನು ತಲೆಯೆತ್ತಲಿಲ್ಲ. "ಎಲ್ಲಿಗೆ?" ಅವನ ಬಾಯಿಯ ಮುಂದೊಂದು ಮೈಕು, ಸಾಲಿನ ನೆತ್ತಿಯ ಮೇಲೊಂದು ಸ್ಪೀಕರು. ದನಿ ಅಲ್ಲಿಂದ ಉದುರಿತು.

"ಮಹಾನಗರಕ್ಕೆ, ಸಾರ್."

ಅವನು ತಟ್ಟನೆ ನೋಡಿದ. ಮೊದಲು ನಗು ಬಂತು. ಆಮೇಲೆ ಅವಳ ಕೈಯಲ್ಲಿದ್ದ ಪಾಸಿನ ಫಾರಂ ಕಾಣಿಸಿತು. ನಗು ಅರ್ಧಕ್ಕೆ ಹೊಲಿಗೆ ಬಿಟ್ಟಿತು.

"ನೀನ್ಯಾಕೆ ಮೇಲೆ ಹೋದೆ? ನಾನೇ ಮಾಡಿಸ್ತಿದ್ನಲ್ಲ…"

"ಅಲ್ಲಿ ಸೇತುವೆ ಮೇಲೆ ಎಷ್ಟು ಸಿಂಹ ಇದೆ, ಸಾರ್?"

"ಮನೇಲಿ ಮಾತಾಡೋಣ ಕಣೇ."

'ಕಣೇ' ಎಂಬುದು ಸ್ಪೀಕರಿನಲ್ಲಿ ಗುಂಯ್‌ಗುಟ್ಟಿ ಇಡೀ ಹಜಾರಕ್ಕೆ ಕೇಳಿಸಿತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಮನೆ ಟಿಕೆಟ್ಟೂ ಇಲ್ಲೇ ಸಿಗುತ್ತಾ ಅಣ್ಣಾ?" ಎಂದಿತು ಒಂದು ದನಿ. ಮೈಕು ಆರಿಸಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

"ಒಂದೇ ಮಾತು. ಹೋಗಿದೀರಾ, ಇಲ್ವಾ?"

ಅವನು ಮೇಜನ್ನು ನೋಡಿದ, ಮೈಕನ್ನು ನೋಡಿದ. "ಇಲ್ಲ."

ಪುಸ್ತಕದಲ್ಲಿ ನೋಡಿದ್ದೇ ಬೇರೆ, ಅವನ ಬಾಯಿಂದ, ಅದೂ ನೆತ್ತಿಯ ಮೇಲಿಂದ ಬಿದ್ದದ್ದೇ ಬೇರೆ. ಅವಳು ಕಿಟಕಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಸಿಂಹಗಳು?"

"ಒಬ್ಬ ಫೋಟೋ ತೆಗೆಯೋನು ಹೇಳಿದ್ದು. ವಾರವಾರ ಬರ್ತಿದ್ದ. ಹೋಗಿ ಬಂದೋರನ್ನೆಲ್ಲ ಕೇಳ್ತಿದ್ದೆ. ಏನೇನು ನೋಡಿದ್ರಿ, ಹೇಳಿ ಹೇಳಿ ಅಂತ."

"ಚಪ್ಪಲಿ?"

ಅವನ ಕಣ್ಣು ಅವಳ ಭುಜದ ಆಚೆಗೆ ಹೊರಳಿತು. ಹಿಂದಿನಿಂದ ಮುದುಕರು ಕತ್ತು ಚಾಚಿದರು. "ಯಾವ್ದು, ನೀಲಿ ಮಹಡೀಲಿ ಕಳೆದ ಚಪ್ಪಲಿನಾ? ಅಯ್ಯೋ, ಅದು ನಂದಮ್ಮ! ಎಡಗಾಲಿಂದು. ಹೊಚ್ಚ ಹೊಸದು. ಈಗ ನೆನೆಸ್ಕೊಂಡ್ರೂ ಹೊಟ್ಟೆ ಉರಿಯುತ್ತೆ."

ಅವಳ ಅಂಗೈ ತಾನೇ ತಾನಾಗಿ ಸೆರಗಿಗೆ ಒರೆಸಿಕೊಂಡಿತು. ಆ ಕಾಲು, ಆ ಮಡಿಲು, ಆ ನಗು. ಈ ಮುದುಕರ ಕಾಲಿನ ಚಪ್ಪಲಿಗೆ.

"ಯಾಕೆ?" ಎಂದಳು. ದನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ.

"ಅವತ್ತು ನೀನು ಕೇಳ್ದೆಯಲ್ಲ. ಇಲ್ಲ ಅಂದಿದ್ರೆ ನೀನು ಎದ್ದು ಒಳಗೆ ಹೋಗ್ತಿದ್ದೆ. ಆಮೇಲೆ ಬಿಡೋಕಾಗ್ಲಿಲ್ಲ. ನೀನು ಕೇಳ್ತಾ ಕೂತಿರ್ತಿದ್ದೆ…" ತುಟಿ ಒದ್ದೆ ಮಾಡಿಕೊಂಡ. "ನಿಮ್ಮಜ್ಜಿನೂ ಏಳು ಸಮುದ್ರ ನೋಡಿರ್ಲಿಲ್ಲ ಅಲ್ವಾ?"

"ಅಜ್ಜಿ ಸಮುದ್ರ ತೋರಿಸಿ ನನ್ನ ಮದುವೆ ಆಗ್ಲಿಲ್ಲ!"

ಸಾಲಿನಲ್ಲಿ ಇದ್ದ ನಗುವೆಲ್ಲ ಆರಿತು. ಕೊನೆಯಲ್ಲಿದ್ದವನೊಬ್ಬ, "ಬೇಗ ಮುಗಿಸ್ರಪ್ಪಾ, ಗಾಡಿ ಬರೋ ಹೊತ್ತಾಯ್ತು" ಎಂದು ಗೊಣಗಿದ. ಪಕ್ಕದಲ್ಲಿದ್ದ ಅವನ ಹೆಂಡತಿಯೇ ಅವನನ್ನು ತಿವಿದು ಸುಮ್ಮನಿರಿಸಿದಳು.

ಮುದುಕರಿಗೆ ತಾವೇ ಬೆಂಕಿ ಹಚ್ಚಿದೆವೇನೋ ಎಂಬ ಗಾಬರಿ. "ಬಿಡಮ್ಮ, ಹೋದ್ರೂ ನೀನು ಆ ಮಾರ್ಕೆಟ್ ನೋಡೋ ಹಾಗಿರ್ಲಿಲ್ಲ. ಅದನ್ನ ಕೆಡವಿ ಎರಡು ವರ್ಷ ಆಯ್ತು. ಈಗಲ್ಲಿ ಬರೀ ಕಾರು ನಿಲ್ಸೋ ಜಾಗ."

"ಕೆಡವಿದ್ರಾ?"

ಕೇಳಿದ್ದು ಅವಳಲ್ಲ. ಗಾಜಿನ ಹಿಂದೆ ಅವನು ಎದ್ದು ನಿಂತಿದ್ದ. "ಆರು ಮಹಡಿನೂನಾ? ನೀವು ನಂಗೆ ಹೇಳ್ಲೇ ಇಲ್ವಲ್ಲ!"

"ನೀನು ಅಷ್ಟು ಆಸೆಯಿಂದ ಕೇಳ್ತಿದ್ಯಪ್ಪ. ಹೇಗೆ ಹೇಳ್ಲಿ?"

ಅವಳು ಗಂಡನ ಮುಖ ನೋಡಿದಳು. ಬಣ್ಣವೆಲ್ಲ ಇಳಿದುಹೋಗಿತ್ತು. ಅವನ ಕಣ್ಣು ಒಂದೊಂದಾಗಿ ಮಹಡಿಗಳನ್ನು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮೊದಲು ಮೆಟ್ಟಿಲ ಮೇಲೆ ನಿಂತಾಗ ತನ್ನ ಮುಖವೂ ಹೀಗೇ ಇದ್ದಿರಬೇಕು ಎನಿಸಿತು ಅವಳಿಗೆ. ಈ ಮನುಷ್ಯ ಸುಳ್ಳು ಹೇಳಿದ್ದ, ನಿಜ. ಹೇಳಿದ ಸುಳ್ಳಿನೊಳಗೆ ತಾನೂ ಹೋಗಿ ವಾಸ ಮಾಡಿದ್ದ. ನಾಲ್ಕು ವರ್ಷ ಊಟದ ತಟ್ಟೆಯ ಎರಡೂ ಬದಿಯಲ್ಲಿ, ಇಲ್ಲದ ಊರಲ್ಲಿ, ಇಬ್ಬರೂ ತಿರುಗಾಡಿದ್ದರು. ಇದಕ್ಕೆ ಸಿಟ್ಟು ಮಾಡಿಕೊಳ್ಳಬೇಕೋ ಮರುಗಬೇಕೋ ಅವಳಿಗೆ ಗೊತ್ತಾಗಲಿಲ್ಲ. ಸಿಟ್ಟಂತೂ ಹೋಗಿರಲಿಲ್ಲ.

ಫಾರಂ ಮಡಚಿ ಚೀಲದೊಳಗೆ ತುರುಕಿದಳು. ಪರ್ಸು ತೆಗೆದಳು.

"ಟಿಕೆಟ್ ಕೊಡಿ."

"ಪಾಸಿಗೆ ಸೈನ್ ಹಾಕ್ತೀನಿ ಕಣೇ, ಕೊಡಿಲ್ಲಿ."

"ಪಾಸು ಬೇಡ. ನನ್ನ ಹೊಲಿಗೆ ದುಡ್ಡಲ್ಲಿ ಹೋಗ್ತೀನಿ."

ಅವನು ಕೂತ. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಸಲವೋ ಕೇಳಿದ್ದ ಪ್ರಶ್ನೆ, ಈಗ ಬಾಯಿಂದ ಹೊರಡಲು ಒದ್ದಾಡಿತು.

"ಎಷ್ಟು ಜನಕ್ಕೆ?"

ಅವಳು ಪರ್ಸಿನೊಳಗಿನ ನೋಟುಗಳನ್ನು ಎರಡು ಸಲ ಎಣಿಸಿದಳು. ಕತ್ತು ಚಾಚಿದ್ದ ಮುದುಕರ ಉಸಿರು ಬೆನ್ನಿಗೆ ತಾಗುತ್ತಿತ್ತು.

"ಇಬ್ಬರಿಗೆ, ಕೋಣೆ ಗೊತ್ತು ಮಾಡಿದ ದಿನಕ್ಕೇ. ಸೀಟು ಬೇರೆ ಬೇರೆ ಬೋಗಿಯಲ್ಲಿ. ನಂದು ಮುಂದಿಂದು, ನಿಮ್ಮದು ಕೊನೇದು."

"ಹೋಗಿ ಬರೋದಕ್ಕಾ?"

"ಹೋಗೋದಕ್ಕೆ ಮಾತ್ರ. ಬರೋ ಟಿಕೆಟ್ಟು ಅಲ್ಲಿ ನಾನು ತಗೋತೀನಿ." ನೋಟುಗಳನ್ನು ಗಾಜಿನ ಕೆಳಗೆ ದೂಡಿದಳು. "ಎಷ್ಟು ತಗೋತೀನಿ ಅಂತ ಈಗ ಕೇಳ್ಬೇಡಿ."

ಯಂತ್ರ ಕಿರ್ರೆಂದು ಎರಡು ಟಿಕೆಟ್ ಉಗುಳಿತು. ಅವನು ಒಂದನ್ನು ಅವಳ ಕಡೆ ಸರಿಸಿದ. ಇನ್ನೊಂದನ್ನು ಕೈಯಲ್ಲೇ ಹಿಡಿದು ಊರಿನ ಹೆಸರನ್ನು ಅಕ್ಷರ ಕೂಡಿಸಿ ಓದುವ ಮಗುವಿನಂತೆ ನೋಡುತ್ತಾ ಕೂತ. "ಚಿಲ್ಲರೆ ಕೊಡಪ್ಪಾ ಅವಳಿಗೆ" ಎಂದು ಮುದುಕರೇ ನೆನಪಿಸಬೇಕಾಯಿತು.

ಅವಳು ಹೊರಗೆ ಬಂದಳು. ಪ್ಲಾಟ್‌ಫಾರ್ಮಿನ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬೆಂಚಿನ ಮೇಲೆ ಕೂತು, ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದರ ಮೇಲಿನ ಊರಿನ ಹೆಸರನ್ನು ಅವಳೂ ಒಂದೊಂದೇ ಅಕ್ಷರವಾಗಿ ಓದತೊಡಗಿದಳು.