ಹೆಸರಿನ ಬಟ್ಟೆ

ಬೂದು ಪ್ಯಾಂಟಿನವನು ಅಂಗಡಿಗೆ ಮೊದಲ ಸಲ ಬಂದಾಗ ಟೈಲರಕ್ಕ ಬಿದ್ದುಹೋದ ಗುಂಡಿಯೊಂದನ್ನು ಹುಡುಕುತ್ತ ಮೇಜಿನ ಕೆಳಗೆ ಬಗ್ಗಿದ್ದಳು. ಹಾಗಾಗಿ ಅವಳಿಗೆ ಮೊದಲು ಕಂಡದ್ದು ಅವನ ಬೂಟು. ಅಷ್ಟು ಹೊಳೆಯುವ ಬೂಟು ಆ ಬೀದಿಗೆ ಬರುವುದೇ ಅಪರೂಪ. ಬಣ್ಣದ ಕಾರ್ಖಾನೆಯ ಕೊಳಚೆ ನೀರು ಬೀದಿಯ ನಟ್ಟನಡುವೆ ಹರಿಯುತ್ತಿರುವಾಗ ಯಾರ ಬೂಟು ತಾನೇ ಹೊಳೆದೀತು?

"ಇದು ಅರ್ಧ ಬೆರಳು ಉದ್ದ ಆಗಿದೆ. ಮಡಿಸಿ ಹೊಲಿದುಕೊಡ್ತೀರಾ?" ಎಂದು ಅವನು ಚೀಲದಿಂದ ಬೂದು ಬಣ್ಣದ ಪ್ಯಾಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಮಾತು ಬಹಳ ಮೃದು. ಪ್ಯಾಂಟಿಟ್ಟು ಹೊರಡಬೇಕಾದವನು ಹೊರಡಲಿಲ್ಲ. ಗೋಡೆಯತ್ತ ತಿರುಗಿ, ಅಲ್ಲಿ ತೂಗುಹಾಕಿದ್ದ ದೊಡ್ಡ ಬಟ್ಟೆಯನ್ನು ಓದತೊಡಗಿದ. ತುಟಿ ಅಲ್ಲಾಡಿಸುತ್ತ, ಒಂದೊಂದೇ ಹೆಸರು.

ಟೈಲರಕ್ಕನಿಗೆ ಹಿಗ್ಗೋ ಹಿಗ್ಗು. ಮೂಲೆಯಲ್ಲಿ ಕುಳಿತು ಕಾಜ ಹಾಕುತ್ತಿದ್ದ ಅತ್ತೆಗೆ ಕಣ್ಣಲ್ಲೇ 'ನೋಡಿದ್ರಾ' ಎಂದಳು. ಅತ್ತೆ ಮೂಗು ಮುರಿದರು. ಮೂಗು ಮುರಿಯುವುದು ಅತ್ತೆಗೆ ಉಸಿರಾಡಿದಷ್ಟೇ ಸಹಜ, ಅದಕ್ಕೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ.

ಆ ಬಟ್ಟೆ ಟೈಲರಕ್ಕನದೇ ಉಪಾಯ. ಬೀದಿಯ ತುದಿಯ ಚಿಕಿತ್ಸಾಲಯದ ನರ್ಸಮ್ಮ ಈ ಸಲ ನಗರಸಭೆಗೆ ನಿಂತಿದ್ದರು. ನಲ್ಲಿಯಲ್ಲಿ ಒಂದು ದಿನ ನೀಲಿ, ಒಂದು ದಿನ ಕೆಂಪು ನೀರು ಬಂದು, ಮಕ್ಕಳ ಮೈತುಂಬ ಹುಣ್ಣಾಗಿ, ಬರೆದ ಅರ್ಜಿಗಳಿಗೆಲ್ಲ ಮೌನವೇ ಉತ್ತರವಾಗಿ, ಕೊನೆಗೆ ಅವರೇ ನಿಂತರು. ಎದುರಾಳಿ ನಗರಸಭೆಯ ಈಗಿನ ಅಧ್ಯಕ್ಷರೇ. ಕಾರ್ಖಾನೆ ಅಧ್ಯಕ್ಷರ ಅಳಿಯನದು. ಇನ್ನು ದುಡ್ಡಿನ ಮಾತಿಗೆ ಬಂದರೆ ನರ್ಸಮ್ಮನದು ಎರಡೇ ಷರತ್ತು: ಒಬ್ಬರಿಂದ ಒಂದು ದಿನದ ದುಡಿಮೆಗಿಂತ ಹೆಚ್ಚು ತೆಗೆದುಕೊಳ್ಳಬಾರದು, ಹೆಸರಿಲ್ಲದ ದುಡ್ಡು ಮುಟ್ಟಬಾರದು. "ದೊಡ್ಡವರ ಗಂಟಿಗೆ ಹೆಸರಿರಲ್ಲ. ನಮ್ಮ ಚಿಲ್ಲರೆಗಾದ್ರೂ ಹೆಸರಿರಲಿ" ಎಂದಿದ್ದರು.

ಸಂಗ್ರಹಿಸುವ ಕೆಲಸ ಟೈಲರಕ್ಕನ ಪಾಲಿಗೆ ಬಂತು. ಅಳತೆಗೆಂದು ಊರಿನವರೆಲ್ಲ ಅವಳ ಮುಂದೆ ಕೈ ಚಾಚಿ ನಿಲ್ಲುವವರೇ ತಾನೇ! ರಸೀದಿ ಪುಸ್ತಕ ಅವಳಿಗೆ ಸಪ್ಪೆ ಅನ್ನಿಸಿತು. ಕೊಟ್ಟವರು ತಮ್ಮದೇ ಬಟ್ಟೆಯ ಒಂದು ಅಂಗೈಯಗಲದ ತುಂಡು ತರಬೇಕು, ಅದರ ಮೇಲೆ ತಮ್ಮ ಕೈಯಾರೆ ಹೆಸರು ಬರೆಯಬೇಕು, ಅವಳು ಅದರ ಮೇಲೆ ದಾರ ಓಡಿಸಿ ದೊಡ್ಡ ಬಟ್ಟೆಗೆ ಸೇರಿಸಬೇಕು. ಒಂದೇ ಹೆಸರಿನ ಇಬ್ಬರಿದ್ದರೆ ಗೊಂದಲವಾಗದಿರಲೆಂದು ಹೆಸರಿನ ಕೆಳಗೆ ಕಸುಬು, ಅದರ ಕೆಳಗೆ ಬೀದಿ. ಎಷ್ಟು ಅಚ್ಚುಕಟ್ಟು! ಬಂದವರಿಗೆಲ್ಲ ಅದನ್ನು ತೋರಿಸಿ ಮೆರೆದಳು. ಅರವತ್ತಮೂರು ತುಂಡುಗಳಾಗಿದ್ದವು.

ಬೂದು ಪ್ಯಾಂಟಿನವನು ಓದಿ ಮುಗಿಸಿ, ಫೋನು ತೆಗೆದು, ಬಟ್ಟೆಯ ಫೋಟೋ ತೆಗೆದ.

"ಬಹಳ ಚೆನ್ನಾಗಿದೆ. ಪ್ರತಿಯೊಬ್ಬರ ವಿಳಾಸವೂ ಇದೆ."

"ನೀವೂ ಒಂದು ತುಂಡು ಕೊಡಿ, ಹಾಕ್ತೀನಿ" ಎಂದು ಟೈಲರಕ್ಕ ನಕ್ಕಳು.

"ನಂದು ಆಮೇಲೆ ನೋಡೋಣ" ಎಂದು ಅವನೂ ನಕ್ಕು ಹೊರಟುಹೋದ.

ಅವನು ಹೋದ ಮೇಲೆ ಅತ್ತೆ ಪ್ಯಾಂಟನ್ನು ತೊಡೆಯ ಮೇಲೆ ಹರವಿ, ಕನ್ನಡಕ ಸರಿಮಾಡಿಕೊಂಡು ಅಂಚು ನೋಡಿದರು. "ಇದನ್ನ ಆಗಲೇ ಯಾರೋ ಮಡಿಸಿ ಹೊಲಿದಿದ್ದಾರಲ್ಲೇ! ಇಸ್ತ್ರಿ ಗೆರೆಯೂ ಕೂತಿದೆ. ಇದಕ್ಕೆ ಯಾವ ದರ್ಜಿಯೂ ಬೇಕಿಲ್ಲ."

"ಅವರ ಪ್ಯಾಂಟು, ಅವರ ಕಾಲು. ನಿಮಗ್ಯಾಕೆ ಬಿಡಿ ಅತ್ತೆ" ಎಂದಳು ಟೈಲರಕ್ಕ. ಆದರೆ ಅಂಚು ಬಿಚ್ಚುವಾಗ ಯಾಕೋ ಅವಳ ಕೈಯೇ ಓಡಲಿಲ್ಲ.

ಮೂರನೇ ದಿನ ಚಪ್ಪಲಿ ಹೊಲಿಯುವ ತಾತನ ಪೆಟ್ಟಿಗೆ ಬಸ್ ನಿಲ್ದಾಣದಿಂದ ಎತ್ತಂಗಡಿಯಾಯಿತು. ಇಪ್ಪತ್ತೆರಡು ವರ್ಷದಿಂದ ಯಾರಿಗೂ ಅಡ್ಡವಾಗದ ಪೆಟ್ಟಿಗೆ ಒಂದೇ ಬೆಳಿಗ್ಗೆ ರಸ್ತೆಗೆ ಅಡ್ಡವಾಗಿತ್ತು. ಅದರ ಮಾರನೆಯ ದಿನ ಹಣ್ಣಿನ ಗಾಡಿಯವನ ತಕ್ಕಡಿಯನ್ನು ತಪಾಸಣೆಗೆಂದು ಒಯ್ದವರು ಮರಳಿಸಲೇ ಇಲ್ಲ. ಬಾಳೆಹಣ್ಣು ಅಲ್ಲೇ ಕಪ್ಪಾದವು. ವಾರದ ಕೊನೆಗೆ ಲೈಬ್ರರಿ ಮೇಷ್ಟ್ರ ಮನೆ ಮುಂದೆ ಪೈಪು ರಿಪೇರಿಗೆಂದು ಆಳುದ್ದ ಗುಂಡಿ ತೋಡಿದರು. ತೋಡಿದವರು ಸಲಿಕೆ ಹೊತ್ತು ಹೋದರು. ಮೇಷ್ಟ್ರ ಹೆಂಡತಿಗೆ ಮೊದಲೇ ನಡೆಯಲಾಗದು, ಈಗ ಹೊಸಿಲು ದಾಟುವಂತೆಯೇ ಇರಲಿಲ್ಲ.

"ಕಾಲ ಕೆಟ್ಟಿದೆ" ಎಂದಳು ಟೈಲರಕ್ಕ.

ಅತ್ತೆ ಎದ್ದು ಗೋಡೆಯ ಹತ್ತಿರ ಹೋಗಿ ಬಟ್ಟೆಯ ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. ಮೊದಲನೆಯದು ಪಾಲಿಶಿನ ಮಸಿ ಹತ್ತಿದ ತುಂಡು, ತಾತನದು. ಎರಡನೆಯದು ಗಾಡಿಯ ನೆರಳುಬಟ್ಟೆ. ಮೂರನೆಯದು ಮೇಷ್ಟ್ರ ಗೆರೆಗೆರೆ ಶರಟು. "ಕಾಲ ಅಲ್ವೇ ಕೆಟ್ಟಿರೋದು. ಸಾಲು ಹಿಡಿದು ಬರ್ತಿದ್ದಾರೆ" ಎಂದರು.

ಅತ್ತೆಯ ಬೆರಳು ನಾಲ್ಕನೆಯ ತುಂಡಿನ ಮೇಲೆ ನಿಂತಿತ್ತು. ಇಸ್ತ್ರಿ ಪೆಟ್ಟಿಗೆ ತಾಗಿ ಕಂದುಬಣ್ಣದ ಸುಟ್ಟ ಕಲೆಯಿದ್ದ ದುಪ್ಪಟಿಯ ತುಂಡು ಅದು. ಎದುರು ಬದಿಯಲ್ಲಿ, ತಗಡಿನ ಚಪ್ಪರದ ಕೆಳಗೆ ದಿನವಿಡೀ ನಿಂತು ಬಟ್ಟೆ ತೀಡುವ ಇಸ್ತ್ರಿ ಅಕ್ಕನದು. ಗಂಡ ಸತ್ತ ಮೇಲೆ ಎರಡು ಹೆಣ್ಣುಮಕ್ಕಳನ್ನು ಆ ಒಂದು ಮೇಜಿನ ಮೇಲೆಯೇ ಸಾಕಿದವಳು. ದುಡ್ಡು ಕೊಡಲು ಮೊದಲು ಹಿಂದೆಮುಂದೆ ನೋಡಿದ್ದಳು. 'ನಾನಿದೀನಲ್ಲ, ಯಾಕೆ ಹೆದರ್ತೀಯ' ಎಂದು ಒಪ್ಪಿಸಿದ್ದು ಟೈಲರಕ್ಕನೇ.

ಮಧ್ಯಾಹ್ನ ನರ್ಸಮ್ಮ ಬಂದರು. ಪ್ರಚಾರ ಮಾಡಿ ಮಾಡಿ ಗಂಟಲು ಬಿದ್ದುಹೋಗಿತ್ತು. "ಇಳಿಸಿಬಿಡಿ ಟೈಲರಕ್ಕ. ನಾನು ಗೆಲ್ಲೋದಕ್ಕೋಸ್ಕರ ಯಾರ ಒಲೆಯೂ ಆರೋದು ಬೇಡ. ಹೆಸರಿರಲಿ ಅಂತ ಹೇಳಿದವಳು ನಾನೇ. ತಪ್ಪು ನಂದೇ."

"ಇಳಿಸಿದ್ರೆ ಏನು ಬಂತು? ಫೋಟೋ ಅವರ ಹತ್ರ ಇದೆ" ಎಂದರು ಅತ್ತೆ. ನರ್ಸಮ್ಮ ಚಿಕಿತ್ಸಾಲಯದಲ್ಲಿ ಮಕ್ಕಳು ಕಾಯುತ್ತಿದ್ದಾರೆಂದು ಎದ್ದುಹೋದರು.

ಅವರ ಬೆನ್ನಿಗೇ ಇಸ್ತ್ರಿ ಅಕ್ಕ ಬೀದಿ ದಾಟಿ ಬಂದಳು. ಸುದ್ದಿ ಅವಳಿಗೂ ಮುಟ್ಟಿತ್ತು.

"ನಂದು ಬಿಚ್ಚಿಕೊಡು."

"ಬಿಚ್ಚಿದ್ರೂ ಅವರು..."

"ನನಗೆ ಗೊತ್ತು. ಆದ್ರೂ ಬಿಚ್ಚು. ಬಂದು ಕೇಳಿದ್ರೆ ತೋರಿಸೋದಕ್ಕೆ ಕೈಯಲ್ಲಿ ಏನಾದ್ರೂ ಇರಲಿ."

ಟೈಲರಕ್ಕ ಬ್ಲೇಡು ತೆಗೆದುಕೊಂಡು ಗೋಡೆಗೆ ಮುಖಮಾಡಿ ನಿಂತಳು. ತಾನೇ ಗಟ್ಟಿಯಾಗಿ ಎರಡೆರಡು ಸಲ ಹಾಕಿದ ಹೊಲಿಗೆ, ಬೇಗ ಬಿಚ್ಚಲು ಬರಲೊಲ್ಲದು. ಹಿಂದೆ ನಿಂತ ಇಸ್ತ್ರಿ ಅಕ್ಕ ಬಟ್ಟೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡುತ್ತಿದ್ದಳು.

"ನಿಂದು ಎಲ್ಲಿದೆ?"

"ಏನು?"

"ನಿನ್ನ ಹೆಸರು. ಎಲ್ಲಾ ಹುಡುಕಿದೆ. ಸಿಗಲಿಲ್ಲ."

ಬ್ಲೇಡು ನಿಂತಿತು. ಟೈಲರಕ್ಕನ ಬಾಯಲ್ಲಿ ಉತ್ತರ ತಯಾರಾಗೇ ಇತ್ತು. ಸಂಗ್ರಹಿಸುವವರದು ಹಾಕುವ ಪದ್ಧತಿ ಇಲ್ಲ, ನಾನು ದಾರ ಕೊಟ್ಟೆ, ಬೆವರು ಕೊಟ್ಟೆ, ಮೂರು ವಾರ ಅಂಗಡಿ ಕೆಲಸ ಬಿಟ್ಟೆ. ಇದನ್ನೇ ಅವಳು ತನಗೂ ಹೇಳಿಕೊಂಡಿದ್ದಳು. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ತನಗೂ ಕೇಳಿಸದಂತೆ ಮುಚ್ಚಿಟ್ಟಿದ್ದಳು. ನಗರಸಭೆ ಶಾಲೆಯ ಮುನ್ನೂರು ಜೊತೆ ಸಮವಸ್ತ್ರ ಹತ್ತು ವರ್ಷದಿಂದ ಅವಳದೇ. ವರ್ಷದ ಅರ್ಧ ಊಟ ಅದರಿಂದಲೇ. ಆರ್ಡರ್ ಪತ್ರಕ್ಕೆ ಸಹಿ ಹಾಕುವುದು ಅಧ್ಯಕ್ಷರ ಕಚೇರಿಯಲ್ಲಿ. ಮೊದಲ ತುಂಡು ಹೊಲಿಯುವ ದಿನವೇ ಇದೆಲ್ಲ ಅವಳಿಗೆ ನೆನಪಾಗಿತ್ತು. ಅವಳು ಹೆದರಿದ್ದಳು, ಬೇರೆಯವರಿಗೆ ಹೆದರಬೇಡಿ ಅಂದಿದ್ದಳು.

"ಇಲ್ಲ. ನಂದು ಹಾಕಿಲ್ಲ" ಎಂದು ಕೊನೆಯ ಹೊಲಿಗೆ ಬಿಚ್ಚಿ ತುಂಡನ್ನು ಕೊಟ್ಟಳು.

ಇಸ್ತ್ರಿ ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಅವಳು ಸುಟ್ಟ ಕಲೆಯ ತುಂಡನ್ನು ಇಸಿದುಕೊಂಡು, ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿ ಹಿಡಿದು, ಬೀದಿ ದಾಟಿ ಹೋದಳು. ಸಾಲಿನಲ್ಲಿ ನಾಲ್ಕನೆಯ ಜಾಗ ಬೋಳಾಯಿತು. ಸುತ್ತಲೂ ಸೂಜಿಯ ತೂತುಗಳು ಚೌಕಾಕಾರದಲ್ಲಿ ಹಾಗೇ ಉಳಿದವು.

"ಅತ್ತೆ, ನಿಮಗೆ ಗೊತ್ತಿತ್ತಾ?"

"ಮುದುಕಿ ಅಂದ್ರೆ ಕುರುಡಿ ಅಂದ್ಕೊಂಡ್ಯಾ?" ಎಂದರು ಅತ್ತೆ. "ನಾನೂ ಅದೇ ಅನ್ನ ತಿನ್ನೋಳು. ಅದಕ್ಕೇ ಸುಮ್ಮನಿದ್ದೆ."

ಟೈಲರಕ್ಕ ಬ್ಲೇಡು ಕೆಳಗಿಟ್ಟು, ಮೇಲಿನ ಹಲಗೆಯಿಂದ ಹೋದ ವರ್ಷದ ಸಮವಸ್ತ್ರದ ಬಟ್ಟೆ ಇಳಿಸಿದಳು. ಗಾಢ ನೀಲಿ, ಊರಿನ ಯಾವ ಮಗುವಿಗೂ ಗುರುತಿರುವ ಬಟ್ಟೆ. ಅಂಗೈಯಗಲ ಕತ್ತರಿಸಿದಳು. ಹೆಸರು, ಅದರ ಕೆಳಗೆ ಕಸುಬು, ಅದರ ಕೆಳಗೆ ಬೀದಿ. ಒಂದು ದಿನದ ದುಡಿಮೆಯನ್ನು ಡಬ್ಬಿಗೆ ಹಾಕಿದಳು. ಬಿಳಿ ದಾರದಲ್ಲಿ ಅಕ್ಷರ ಮೂಡಿಸುವಾಗ ಎರಡು ಸಲ ಸೂಜಿ ಚುಚ್ಚಿಕೊಂಡಳು. ನಾಲ್ಕನೆಯ ಜಾಗದಲ್ಲಿಟ್ಟು, ಅದೇ ತೂತುಗಳ ಮೇಲೆ ಹೊಲಿದಳು.

ಸೋಮವಾರ ಬೆಳಿಗ್ಗೆ ಬೀದಿಯಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಇಸ್ತ್ರಿ ಅಕ್ಕನ ಚಪ್ಪರದ ಕಂಬಕ್ಕೆ ತಾಗುವ ಹಾಗೆ ನಿಂತಿತು. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿದ ಕೈ ಎತ್ತಿದಂತೆಯೇ ನಿಂತಳು. ಬೂದು ಪ್ಯಾಂಟಿನವನು ಇಳಿದು, ಕೊಳಚೆ ನೀರು ದಾಟಿ, ಅಂಗಡಿಗೆ ಬಂದ.

"ನನ್ನ ಪ್ಯಾಂಟು ಆಯ್ತಾ?"

ಟೈಲರಕ್ಕ ಕಾಗದದಲ್ಲಿ ಸುತ್ತಿಟ್ಟಿದ್ದ ಪ್ಯಾಂಟು ಕೊಟ್ಟಳು. ಅವನು ಬಿಚ್ಚಿ ನೋಡಲೂ ಇಲ್ಲ. ಸ್ಟೂಲು ಎಳೆದುಕೊಂಡು ಕುಳಿತ.

"ನೋಡಿ, ನಾನೂ ಸಂಬಳಕ್ಕೆ ದುಡಿಯೋನು. ನನಗೂ ಹೆಂಡತಿ ಮಕ್ಕಳಿದ್ದಾರೆ. ಯಾರಿಗಾದ್ರೂ ಕೆಟ್ಟ ಮಾತು ಆಡಿದೀನಾ? ಪೆಟ್ಟಿಗೆ ರಸ್ತೆ ಮೇಲಿತ್ತು, ತಕ್ಕಡಿ ಹಳೇದಾಗಿತ್ತು, ಪೈಪು ತೂತಾಗಿತ್ತು. ಎಲ್ಲಾ ನಿಯಮದ ಪ್ರಕಾರವೇ. ನಾಳೆ ನಿಮ್ಮ ನರ್ಸಮ್ಮ ಸೋತ್ರೆ ಅವರಿಗೆ ಬೇರೆ ಊರಲ್ಲಿ ಆಸ್ಪತ್ರೆ ಸಿಗುತ್ತೆ. ಇವರಿಗೆಲ್ಲ ಯಾವ ಊರು ಸಿಗುತ್ತೆ ಹೇಳಿ?" ಅವನ ದನಿ ನಿಜವಾಗಿಯೂ ಕನಿಕರಪಡುವಂತಿತ್ತು. "ನಿಮ್ಮ ಸಮವಸ್ತ್ರದ ಆರ್ಡರ್ ಮೇಜಿನ ಮೇಲೇ ಇದೆ. ಸಹಿ ಒಂದು ಬಾಕಿ. ನೀವು ಬುದ್ಧಿವಂತರು, ನಿಮ್ಮ ಹೆಸರು ಎಲ್ಲೂ ಹಾಕಿಲ್ಲ, ಅದನ್ನ ಅಧ್ಯಕ್ಷರೂ ಗಮನಿಸಿದ್ದಾರೆ. ಈ ಬಟ್ಟೆ ಮಡಚಿ ನನ್ನ ಕೈಗೆ ಕೊಟ್ಟುಬಿಡಿ. ಎಲ್ಲರಿಗೂ ನೆಮ್ಮದಿ."

ಟೈಲರಕ್ಕ ಗೋಡೆಯತ್ತ ಕೈ ತೋರಿಸಿದಳು. "ಇನ್ನೊಂದು ಸಲ ಓದಿ" ಎಂದಳು.

ಅವನು ತಲೆಯೆತ್ತಿದ. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ಕಣ್ಣು ನಿಂತಿತು. ತುಟಿ ಅಲ್ಲಾಡಿ, ಹಾಗೇ ಬಿಗಿಯಾಯಿತು.

"ಇದು ಶಾಲೆ ಬಟ್ಟೆ."

"ಹೌದು. ಒಗೆದ್ರೆ ಬಣ್ಣ ಹೋಗಲ್ಲ. ನಾನೇ ಹೊಲಿಯೋದಲ್ವಾ, ನನಗೆ ಗೊತ್ತು."

"ಯೋಚನೆ ಮಾಡಿ ಹಾಕಿದ್ದೀರಾ?"

"ಯೋಚನೆ ಮಾಡಿದ್ದಕ್ಕೇ ಇಷ್ಟು ದಿನ ಹಾಕಿರಲಿಲ್ಲ."

ಮೂಲೆಯಲ್ಲಿ ಅತ್ತೆ ಗೊಳ್ಳೆಂದು ನಕ್ಕರು. ಹೆದರಿಕೆಗೆ ಬಂದ ನಗುವೋ, ಸಂತೋಷಕ್ಕೋ, ಆಮೇಲೆ ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಬೂದು ಪ್ಯಾಂಟಿನವನು ನಗಲಿಲ್ಲ. ಫೋನಿಗಾಗಿ ಜೇಬಿಗೆ ಕೈಹಾಕಿದ.

"ತಡೀರಿ, ಸುಕ್ಕಾಗಿದೆ. ಹೆಸರು ಸರಿಯಾಗಿ ಬರಲಿ" ಎಂದಳು ಟೈಲರಕ್ಕ. ಬಟ್ಟೆಯ ಒಂದು ತುದಿ ಹಿಡಿದು ಎಳೆದಳು. ಅತ್ತೆ ಮಂಡಿಯ ಮೇಲೆ ಕೈಯೂರಿ ಎದ್ದು ಬಂದು ಇನ್ನೊಂದು ತುದಿ ಹಿಡಿದರು. ಅವನು ಫೋಟೋ ತೆಗೆದುಕೊಂಡು, ಪ್ಯಾಂಟಿನ ಪೊಟ್ಟಣ ಮೇಜಿನ ಮೇಲೇ ಬಿಟ್ಟು, ಹೋಗಿ ಕಾರಿನಲ್ಲಿ ಕುಳಿತ. ಕಾರು ಹೊರಡಲಿಲ್ಲ. ಗಾಜು ಇಳಿಸಿ ಯಾರಿಗೋ ಫೋನಿನಲ್ಲಿ ಮಾತಾಡತೊಡಗಿದ.

"ಹೋಯ್ತು ಬಿಡು, ಆರ್ಡರು" ಎಂದರು ಅತ್ತೆ.

"ಹೋಯ್ತು" ಎಂದಳು ಟೈಲರಕ್ಕ. ಮಿಷಿನ್ನಿನ ಮುಂದೆ ಕುಳಿತಳು. ಆರ್ಡರಿಲ್ಲದೆ ಈ ವರ್ಷ ಹೇಗೆ ದೂಡುವುದೆಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು, ಲೆಕ್ಕ ಮಾತ್ರ ಕೂಡಿಬರುತ್ತಿರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಇಸ್ತ್ರಿ ಅಕ್ಕ. ಎದುರಿನಿಂದ ಎಲ್ಲವನ್ನೂ ನೋಡಿದ್ದಳು. ಒಳಗೆ ಬಂದು ಗೋಡೆಯ ಹತ್ತಿರ ಹೋಗಿ, ನೀಲಿ ತುಂಡಿನ ಮೇಲೆ ಬೆರಳಾಡಿಸಿ, ಹೆಸರು ಓದಿದಳು. ತನ್ನ ತುಂಡಿನ ಮಾತೆತ್ತಲಿಲ್ಲ, ಅದನ್ನು ತಂದಿರಲೂ ಇಲ್ಲ. ಟೈಲರಕ್ಕನೂ ಕೇಳಲಿಲ್ಲ.

"ಇದೇನೇ ಇದು, ಇಷ್ಟು ಸುಕ್ಕು? ಹೀಗಾ ತೂಗುಹಾಕೋದು?" ಎಂದು ಗದರಿಸಿ, ಮೊಳೆಯಿಂದ ಬಟ್ಟೆ ಬಿಡಿಸಿಕೊಂಡು, ಹೆಗಲ ಮೇಲೆ ಹಾಕಿಕೊಂಡು ಹೊರಟಳು.

"ಎಲ್ಲಿಗೇ? ಕಾರು ಇನ್ನೂ ಅಲ್ಲೇ ಇದೆ!"

"ನನ್ನ ಮೇಜೂ ಅಲ್ಲೇ ಇದೆ" ಎಂದಳು ಇಸ್ತ್ರಿ ಅಕ್ಕ.

ಅವಳು ಬೀದಿ ದಾಟಿದಳು. ಕಾರಿನಿಂದ ಒಂದು ಮಾರು ದೂರದಲ್ಲಿ, ತಗಡಿನ ಚಪ್ಪರದ ಕೆಳಗೆ, ಅರವತ್ತಮೂರು ಹೆಸರುಗಳ ಬಟ್ಟೆಯನ್ನು ಮೇಜಿನ ಮೇಲೆ ಹರವಿ, ನೀರು ಚಿಮುಕಿಸಿ, ಮೇಲಿನ ಸಾಲಿನಿಂದ ತೀಡಲು ಶುರುಮಾಡಿದಳು. ಕಾರಿನ ಗಾಜು ಇಳಿದೇ ಇತ್ತು. ಅವಳು ಒಮ್ಮೆಯೂ ಆ ಕಡೆ ನೋಡಲಿಲ್ಲ.